ಆ ಕ್ಯಾಸೆಟ್ಟಿನ ಕಿವಿ ಮುರಿದಿದ್ದೀರಾ?

ಅಪ್ಪನ ದನಿ ಅಂತ ನಮ್ಮ ಮನೆಯಲ್ಲಿ ಉಳಿದಿರುವುದು ಒಟ್ಟು 40 ಸೆಕೆಂಡು. ಒಂದು ಹಬ್ಬದ ಸಂಜೆ ಅವರು ಟೇಪ್ ರೆಕಾರ್ಡರ್ ಮುಂದೆ ಕೂತು ಕ್ಯಾಸೆಟ್ಟಿನ ಒಂದು ಕಡೆ ಪೂರ್ತಿ ಹಾಡಿದ್ದರು. ಹಾಡಿನ ನಡುವೆ ಚಿಕ್ಕಂದಿನ ಕತೆ ಬೇರೆ. ಅದಾಗಿ ನಾಲ್ಕೈದು ವರ್ಷಕ್ಕೆ ರೇಡಿಯೋದಲ್ಲಿ ನನಗಿಷ್ಟದ ಹಾಡು ಬಂತು. ಕೈಗೆ ಸಿಕ್ಕಿದ ಕ್ಯಾಸೆಟ್ ತುರುಕಿ ಕೆಂಪು ಗುಂಡಿ ಒತ್ತಿದವಳು ನಾನೇ. ಅರ್ಧ ಗಂಟೆಯ ಅಪ್ಪ ಅಳಿಸಿಹೋದರು. ಕೊನೆಯಲ್ಲಿ ಹಾಡಿನ ಒಂದು ಸಾಲು, ಒಂದು ಕೆಮ್ಮು, ಆಮೇಲೆ "ಸಾಕಾ? ಓಡ್ತಾ ಇದೆಯಾ ಇದು?" ಅನ್ನುವ ಮಾತು. ಟಕ್ ಅಂತ ನಿಲ್ಲುತ್ತದೆ. ಅಷ್ಟೇ.

ಆವತ್ತು ಆದ ತಪ್ಪು ಎರಡು. ಕ್ಯಾಸೆಟ್ಟಿನ ಮೇಲೆ ಯಾರೂ ಏನೂ ಬರೆದಿರಲಿಲ್ಲ. ಅದರ ಕಿವಿಯನ್ನೂ ಮುರಿದಿರಲಿಲ್ಲ.

ಕಿವಿ ಅಂದರೆ ಏನು ಅಂತ ಈಗಿನ ಮಕ್ಕಳಿಗೆ ಹೇಳಬೇಕಾಗುತ್ತದೆ. ಕ್ಯಾಸೆಟ್ಟಿನಲ್ಲಿ ಟೇಪು ಕಾಣುವ ಅಂಚು ಒಂದಿದೆಯಲ್ಲ, ಅದರ ಎದುರಿನ ಅಂಚಿನಲ್ಲಿ ಎರಡು ಮೂಲೆಗೆ ಎರಡು ಪುಟ್ಟ ಪ್ಲಾಸ್ಟಿಕ್ ತುಣುಕು ಇರುತ್ತವೆ. ಟೇಪು ಕಾಣುವ ಅಂಚು ಕೆಳಗೆ ಬರುವ ಹಾಗೆ ಹಿಡಿದರೆ, ನಿಮ್ಮ ಕಡೆ ಮುಖ ಮಾಡಿರುವ ಬದಿಗೆ ಸೇರಿದ್ದು ಎಡಗಡೆಯ ತುಣುಕು. ಅದನ್ನು ಸಣ್ಣ ಸ್ಕ್ರೂಡ್ರೈವರಿನಿಂದ ಮುರಿದರೆ ಆ ಬದಿಯ ಮೇಲೆ ಮತ್ತೆ ರೆಕಾರ್ಡ್ ಆಗುವುದಿಲ್ಲ. ಯಂತ್ರದ ಕೆಂಪು ಗುಂಡಿ ಒತ್ತಿದರೂ ಕೆಳಗೆ ಇಳಿಯುವುದಿಲ್ಲ. ಎರಡು ನಿಮಿಷದ ಕೆಲಸ. ನಿಮ್ಮ ಮನೆಯಲ್ಲಿ ಯಾರದಾದರೂ ದನಿ ಇರುವ ಕ್ಯಾಸೆಟ್ ಇದ್ದರೆ ಇದನ್ನು ಓದಿ ಮುಗಿಸುವ ಮುಂಚೆಯೇ ಎದ್ದು ಹೋಗಿ ಮುರಿದು ಬನ್ನಿ. ನಾನು ಕಾಯುತ್ತೇನೆ.

ಕ್ಯಾಸೆಟ್ ಬಂದದ್ದು 1963ರಲ್ಲಿ. ಹಾಗಾಗಿ ಅದು ಅಜ್ಜ ಅಜ್ಜಿಯ ಕಾಲದ ಸಾಮಾನೇ ಈಗ. ವಯಸ್ಸಾದವರನ್ನು ನೋಡಿಕೊಳ್ಳುವ ಹಾಗೆ ನೋಡಿಕೊಳ್ಳಬೇಕು. ಮಲಗಿಸಬೇಡಿ, ಪುಸ್ತಕದ ಹಾಗೆ ನಿಲ್ಲಿಸಿ ಇಡಿ. ಸ್ಪೀಕರಿನ ಪಕ್ಕ ಬೇಡ. ಅದರೊಳಗೆ ಅಯಸ್ಕಾಂತ ಇದೆ, ದನಿ ಮಸುಕಾಗುತ್ತದೆ. ಬಹಳ ವರ್ಷದಿಂದ ಮುಟ್ಟದ ಕ್ಯಾಸೆಟ್ಟನ್ನು ಸಿಕ್ಕಿದ ಹಳೇ ಯಂತ್ರಕ್ಕೆ ಹಾಕಿ "ಓಡುತ್ತಾ ನೋಡೋಣ" ಅನ್ನಬೇಡಿ. ಮೊದಲು ಆರು ಮೂಲೆಯ ಪೆನ್ಸಿಲ್ಲನ್ನು ಗಾಲಿಯ ತೂತಿಗೆ ಹಾಕಿ ನಿಧಾನಕ್ಕೆ ತಿರುಗಿಸಿ. ಟೇಪು ಅಂಟಿಕೊಂಡಿಲ್ಲ, ಸಲೀಸಾಗಿ ಸುತ್ತುತ್ತದೆ ಅಂತ ಗೊತ್ತಾಗಲಿ. ಆಮೇಲೆ ಲೆಕ್ಕಕ್ಕಿಲ್ಲದ ಬೇರೊಂದು ಕ್ಯಾಸೆಟ್ ಹಾಕಿ ಯಂತ್ರ ಟೇಪನ್ನು ನುಂಗುತ್ತದಾ ನೋಡಿ. 120 ನಿಮಿಷದ ಕ್ಯಾಸೆಟ್ ಆದರೆ ಇನ್ನೂ ಹುಷಾರು. ಅದರ ಟೇಪು ಬಹಳ ತೆಳು, ಬೇಗ ಸಿಕ್ಕು ಬೀಳುತ್ತದೆ. ಒಮ್ಮೆ ಸರಿಯಾಗಿ ಓಡಿತು ಅಂದರೆ ಅದೇ ಸಲಕ್ಕೆ ಕಂಪ್ಯೂಟರಿಗೆ ತುಂಬಿಸಿಕೊಂಡುಬಿಡಿ. ಇನ್ನೊಂದು ಸಲ ಓಡುತ್ತದೆ ಅಂತ ಯಾರೂ ಬರೆದುಕೊಟ್ಟಿಲ್ಲ.

ಅದಕ್ಕಿಂತ ಹಳೆಯ ಗ್ರಾಮಫೋನ್ ತಟ್ಟೆ ಇದ್ದರೆ ಒಂದೇ ಮಾತು. ನಿಮಿಷಕ್ಕೆ 78 ಸುತ್ತು ತಿರುಗುವ ಆ ಭಾರದ ತಟ್ಟೆಗಳು ಹೆಚ್ಚಿನವು ಅರಗಿನವು. ಸ್ಪಿರಿಟ್ ಹಾಕಿ ಒರೆಸಿದರೆ ಮೇಲ್ಮೈ ಕರಗುತ್ತದೆ. ಮೆತ್ತನೆಯ ಒಣ ಬ್ರಷ್ಷಿನಲ್ಲಿ ಧೂಳು ತೆಗೆದರೆ ಸಾಕು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ವಸ್ತು ಉಳಿಸುವುದು ಸುಲಭ. ಆ ವಸ್ತುವಿನ ಜೊತೆಗಿನ ಮಾತು ಉಳಿಸುವುದು ಕಷ್ಟ. ಅದಕ್ಕೆ ನನಗೆ ಗೊತ್ತಿರುವ ಒಳ್ಳೆಯ ದಾರಿ ಹಾಡು. ಹಿರಿಯರ ಮುಂದೆ ಕೂತು "ನಿಮ್ಮ ಕಾಲದ ಕತೆ ಹೇಳಿ" ಅಂದರೆ "ಏನಿದೆ ಹೇಳೋಕೆ" ಅಂತ ಕೈ ಆಡಿಸುತ್ತಾರೆ. ಅದೇ ಅವರ ಹದಿನೈದು, ಇಪ್ಪತ್ತನೇ ವಯಸ್ಸಿನಲ್ಲಿ ಎಲ್ಲರ ಬಾಯಲ್ಲೂ ಇದ್ದ ಹಾಡು ಹಾಕಿ ನೋಡಿ. ಆ ವಯಸ್ಸಿನಲ್ಲಿ ಕೇಳಿದ ಹಾಡು ಉಳಿದ ಎಲ್ಲಕ್ಕಿಂತ ಗಟ್ಟಿಯಾಗಿ ಕೂರುತ್ತದೆ ಅಂತ ನೆನಪಿನ ಬಗ್ಗೆ ಅಧ್ಯಯನ ಮಾಡಿದವರೂ ಹೇಳುತ್ತಾರೆ. ಹಾಗಾಗಿ ಲೆಕ್ಕ ಹಾಕಿ ಹಾಡು ಆರಿಸಿ. ಅವರು ಹುಟ್ಟಿದ ವರ್ಷಕ್ಕೆ 15 ಕೂಡಿಸಿ, ಅಲ್ಲಿಂದ ಮುಂದಿನ ಹತ್ತು ವರ್ಷ. ನಮ್ಮ ಅತ್ತೆಯವರಿಗೆ ಕೊನೆಕೊನೆಗೆ ಮರೆವು ಬಂದಿತ್ತು. ನನ್ನ ಹೆಸರು ಕೂಡ ತಪ್ಪುತ್ತಿತ್ತು. ಆದರೆ ಹಳೇ ಹಾಡು ಹಾಕಿದರೆ ಪಲ್ಲವಿಯಿಂದ ಕೊನೆ ಚರಣದವರೆಗೆ ಒಂದು ಅಕ್ಷರ ಬಿಡುತ್ತಿರಲಿಲ್ಲ. ಹಾಡು ಮುಗಿದ ಮೇಲೆ ಎರಡು ನಿಮಿಷ ಕಣ್ಣಲ್ಲಿ ಬೆಳಕಿರುತ್ತಿತ್ತು. ಆ ಎರಡು ನಿಮಿಷದಲ್ಲೇ ನಾನು ಕೇಳಬೇಕಾದ್ದು ಕೇಳುತ್ತಿದ್ದೆ.

ಕೇಳುವಾಗಲೂ ಒಂದು ಕ್ರಮ ಇದೆ. "ಆಗ ಖುಷಿಯಾಗಿದ್ರಾ?" ಅಂದರೆ "ಹೂಂ" ಅಂತ ಮಾತು ಮುಗಿಯುತ್ತದೆ. "ಈ ಹಾಡು ಮೊದಲು ಕೇಳಿದ್ದು ಯಾರ ಮನೆಯಲ್ಲಿ? ಪಕ್ಕದಲ್ಲಿ ಯಾರು ಕೂತಿದ್ದರು? ನೀವು ಏನು ಉಟ್ಟಿದ್ದಿರಿ?" ಅಂತ ಚಿಕ್ಕ ಚಿಕ್ಕದು ಕೇಳಬೇಕು. ಫೋನನ್ನು ಮೊದಲೇ ರೆಕಾರ್ಡಿಗೆ ಹಾಕಿ, ಅವರ ಮುಂದೆ ಒಂದು ಟವೆಲ್ ಮಡಿಸಿ ಅದರ ಮೇಲೆ ಇಡಿ. ಬರೀ ಮೇಜಿನ ಮೇಲೆ ಇಟ್ಟರೆ ಲೋಟ ಇಟ್ಟ ಸದ್ದೆಲ್ಲ ಗುಡುಗಿನ ಹಾಗೆ ಕೇಳುತ್ತದೆ. ಫ್ಯಾನ್ ನಿಲ್ಲಿಸಿ. ರೆಕಾರ್ಡ್ ಮಾಡುತ್ತಿದ್ದೇನೆ ಅಂತ ಅವರಿಗೆ ಹೇಳಿ, ಕದ್ದು ಮಾಡಬೇಡಿ. ಅವರು ತಡವರಿಸಿದರೆ ಸುಮ್ನೆ ಇರಿ, ಬಾಯಿ ಹಾಕಬೇಡಿ. ಇಪ್ಪತ್ತು ನಿಮಿಷ ಸಾಕು, ಜಾಸ್ತಿ ಆದರೆ ಸುಸ್ತಾಗುತ್ತಾರೆ. ನಿಲ್ಲಿಸುವ ಮುಂಚೆ ನೀವೇ ತಾರೀಖು, ಯಾರು ಮಾತಾಡಿದ್ದು ಅಂತ ಒಂದು ಸಾಲು ಹೇಳಿಬಿಡಿ. ಮತ್ತೆ ಆಮೇಲೆ ಕೂತು ಕೆಮ್ಮು, ಪಾತ್ರೆ ಸದ್ದು, "ಓಡ್ತಾ ಇದೆಯಾ" ಅನ್ನುವುದನ್ನೆಲ್ಲ ಕತ್ತರಿಸಿ ಚೆಂದ ಮಾಡಬೇಡಿ. ನನ್ನ ಹತ್ತಿರ ಉಳಿದಿರುವುದೇ ಅದು.

ಫೋಟೋ ವಿಷಯ ಇದಕ್ಕಿಂತ ದೊಡ್ಡ ರಗಳೆ. ಹಾಳೆಯ ಮೇಲೆಲ್ಲ ಅಂಟು ಇದ್ದು, ಪ್ಲಾಸ್ಟಿಕ್ ಎತ್ತಿ ಫೋಟೋ ಅಂಟಿಸಿ ಮುಚ್ಚುವ ಆಲ್ಬಂ ಒಂದು ಕಾಲದಲ್ಲಿ ಎಲ್ಲರ ಮನೆಯಲ್ಲೂ ಇತ್ತು. ಮದುವೆ ಫೋಟೋಗೆ ಅದಕ್ಕಿಂತ ಕೆಟ್ಟ ಜಾಗ ಇಲ್ಲ. ಅಂಟು ಹಳದಿಯಾಗುತ್ತದೆ, ಫೋಟೋದ ಬೆನ್ನು ಹಿಡಿದುಕೊಳ್ಳುತ್ತದೆ. ಉಗುರು ಹಾಕಿ ಎಬ್ಬಿಸಬೇಡಿ, ಮೂಲೆ ಹರಿಯುತ್ತದೆ. ಹಲ್ಲಿನ ಸಂದು ತೆಗೆಯುವ ಫ್ಲಾಸ್ ದಾರ ಸಿಗುತ್ತದಲ್ಲ, ಅದನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಫೋಟೋ ಮತ್ತು ಹಾಳೆಯ ನಡುವೆ ಗರಗಸದ ಹಾಗೆ ಮೆಲ್ಲಗೆ ಆಡಿಸಿ. ಹೆಚ್ಚಿನವು ಬಿಡುತ್ತವೆ. ಬಿಡದೇ ಇದ್ದದ್ದನ್ನು ಹಠ ಮಾಡಿ ಎಳೆಯದೆ ಹಾಳೆ ಸಮೇತ ಫೋಟೋ ತೆಗೆದುಕೊಂಡು ಹಾಗೇ ಇಡಿ. ಲ್ಯಾಮಿನೇಷನ್ ಮಾತ್ರ ಯಾವತ್ತೂ ಬೇಡ. ಒಮ್ಮೆ ಬಿಸಿ ಮಾಡಿ ಅಂಟಿಸಿದ್ದನ್ನು ದೇವರು ಬಂದರೂ ಬಿಡಿಸಲಾಗದು.

ಬೆನ್ನಿನ ಮೇಲೆ ಹೆಸರು ಬರೆಯುವುದು ಹೇಗೆ ಅಂತ ಬಹಳ ಜನ ಕೇಳುತ್ತಾರೆ. ಬಾಲ್‌ಪೆನ್ ಒತ್ತಿ ಬರೆದರೆ ಮುಂದಿನ ಮುಖದಲ್ಲಿ ಗೀಟು ಉಬ್ಬುತ್ತದೆ. ನನ್ನ ನಾದಿನಿಯ ಕೆನ್ನೆ ಮೇಲೆ ಇವತ್ತಿಗೂ 1974 ಅಂತ ತಿರುಗುಮುರುಗಾಗಿ ಓದಬಹುದು. ಮೆತ್ತನೆಯ ಪೆನ್ಸಿಲ್ ತೆಗೆದುಕೊಳ್ಳಿ. ಫೋಟೋವನ್ನು ಕವುಚಿ ಗಾಜಿನ ಮೇಲೋ ನುಣುಪು ಮೇಜಿನ ಮೇಲೋ ಇಟ್ಟು ಅಂಚಿನಲ್ಲಿ ಹಗುರವಾಗಿ ಬರೆಯಿರಿ. ಹೊಸ ಕಾಲದ ನುಣುಪು ಕಾಗದದ ಮೇಲೆ ಪೆನ್ಸಿಲ್ ಹತ್ತುವುದಿಲ್ಲ. ಅಂಥದ್ದಕ್ಕೆ ಕಾಗದದ ಲಕೋಟೆಯೊಳಗೆ ಹಾಕಿ ಲಕೋಟೆ ಮೇಲೆ ಬರೆಯುವುದೇ ವಾಸಿ. ಬರೆಯುವಾಗ "ಅಜ್ಜಿ", "ಚಿಕ್ಕಪ್ಪ" ಅಂತ ಬರೆಯಬೇಡಿ. ಯಾರ ಅಜ್ಜಿ? ನಲವತ್ತು ವರ್ಷ ಆದಮೇಲೆ ಓದುವವರಿಗೆ ನೀವೇ ಅಜ್ಜಿ. ಪೂರ್ತಿ ಹೆಸರು, ಎಡದಿಂದ ಬಲಕ್ಕೆ ಯಾರು ಯಾರು, ವರ್ಷ. ವರ್ಷ ನೆನಪಿಲ್ಲದಿದ್ದರೆ "ದೊಡ್ಡವನು ಹುಟ್ಟುವ ಮುಂಚೆ" ಅಂತ ಬರೆದರೂ ನಡೆಯುತ್ತದೆ.

ಗೋಡೆಗೆ ಹಾಕುವುದಾದರೆ ಪ್ರತಿ ತೆಗೆಸಿ ಅದನ್ನು ಹಾಕಿ, ಮೂಲ ಫೋಟೋ ಕತ್ತಲಲ್ಲಿರಲಿ. ಬಿಸಿಲಿಗೆ ಬಣ್ಣದ ಫೋಟೋ ಮಾಸುತ್ತದೆ. ರಬ್ಬರ್ ಬ್ಯಾಂಡ್, ಗುಂಡುಪಿನ್ನು, ಸ್ಟೇಪ್ಲರ್ ಪಿನ್ನು ಎಲ್ಲ ಕಿತ್ತು ಬಿಸಾಕಿ. ಒಂದು ಕರಗಿ ಅಂಟುತ್ತದೆ, ಇನ್ನೆರಡು ತುಕ್ಕು ಹಿಡಿದು ಕಾಗದ ತಿನ್ನುತ್ತವೆ. ಹಳೇ ಪತ್ರಗಳಿಗೂ ಇದೇ ಮಾತು. ಫೋಟೋ ಕಟ್ಟಿನ ಮೇಲೆ ನೀರು ಬಿತ್ತು ಅನ್ನಿ, ಒಂದಕ್ಕೊಂದು ಅಂಟಿದ್ದನ್ನು ಒಣಗಿದ ಮೇಲೆ ಕೀಳಬೇಡಿ. ಶುದ್ಧ ತಣ್ಣೀರಿನಲ್ಲಿ ಇಟ್ಟು ತಾವಾಗಿ ಬಿಡುವವರೆಗೆ ಕಾದು, ಮುಖ ಮೇಲೆ ಮಾಡಿ ನೆರಳಲ್ಲಿ ಹರಡಿ. ಎರಡು ದಿನದೊಳಗೆ ಆಗಬೇಕು, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಕೈಗೆ ಪುರುಸೊತ್ತಿಲ್ಲವೇ? ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರೀಜರಿನಲ್ಲಿಡಿ, ಆಮೇಲೆ ಬಿಡುವಾದಾಗ ಕರಗಿಸಿ ಬಿಡಿಸಬಹುದು.

ಬಟ್ಟೆ ಬಗ್ಗೆ ಎರಡೇ ಮಾತು. ರೇಷ್ಮೆಯನ್ನು ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಇಟ್ಟರೆ ಮಡಿಕೆಯಲ್ಲೇ ಸೀಳುತ್ತದೆ. ಮೂರು ನಾಲ್ಕು ತಿಂಗಳಿಗೊಮ್ಮೆ ಬಿಚ್ಚಿ ಬೇರೆ ಕಡೆ ಮಡಿಸಿ, ಹಳೇ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ನುಸಿಗುಳಿಗೆ ಹಾಕಿ ಇಟ್ಟ ಮಗುವಿನ ಅಂಗಿಯನ್ನು ಪೆಟ್ಟಿಗೆಯಿಂದ ತೆಗೆದು, "ನಿನ್ನ ಅಪ್ಪನದು ನೋಡು" ಅಂತ ಹಸುಗೂಸಿಗೆ ಹಾಗೇ ತೊಡಿಸಬೇಡಿ. ಆ ವಾಸನೆ ಕೆಲವು ಮಕ್ಕಳ ರಕ್ತಕ್ಕೆ ಅಪಾಯ. ಮೊದಮೊದಲು ನನಗೂ ಗೊತ್ತಿರಲಿಲ್ಲ.

ವಾಸನೆ ಅಂದಾಗ ನೆನಪಾಯಿತು. ಅಮ್ಮನ ಶಾಲು ಒಂದನ್ನು ನಾನು ಒಗೆದಿಲ್ಲ. ಬಿಗಿ ಮುಚ್ಚಳದ ಗಾಜಿನ ಭರಣಿಯಲ್ಲಿದೆ. ಮೂಗಿಗೆ ಬಂದ ವಾಸನೆ ಮಿದುಳಿನಲ್ಲಿ ನೆನಪು, ಭಾವನೆಯ ಜಾಗಕ್ಕೆ ನೆಟ್ಟಗೆ ಹೋಗುತ್ತದಂತೆ, ಉಳಿದ ಇಂದ್ರಿಯಗಳ ಹಾಗೆ ಸುತ್ತಿ ಬಳಸಿ ಅಲ್ಲ. ಅದಕ್ಕೇ ಇರಬೇಕು, ಮುಚ್ಚಳ ತೆಗೆದ ಕೂಡಲೇ ಗಂಟಲು ಕಟ್ಟುತ್ತದೆ. ವರ್ಷಕ್ಕೆ ಒಂದೇ ಸಲ ತೆಗೆಯುತ್ತೇನೆ. ಪದೇ ಪದೇ ತೆಗೆದರೆ ವಾಸನೆ ಹೋಗುತ್ತದೆ, ನನಗೂ ಅಭ್ಯಾಸ ಆಗಿಬಿಡುತ್ತದೆ.

ಹಬ್ಬದ ಅಲಂಕಾರದ ಪೆಟ್ಟಿಗೆಯನ್ನು ಹಬ್ಬ ಮುಗಿದ ಸುಸ್ತಿನಲ್ಲಿ ಕಟ್ಟಬೇಡಿ. ಎಲ್ಲ ಒಡೆಯುವುದು ಆಗಲೇ. ಎರಡು ದಿನ ಬಿಟ್ಟು ಕೂತು, ದೀಪದ ಸರವನ್ನು ರಟ್ಟಿಗೆ ಸುತ್ತಿ, ಗಾಜಿನದನ್ನು ಹಳೇ ಬಟ್ಟೆಯಲ್ಲಿ ಸುತ್ತಿ ಇಡಿ. ಹಾಡುವ ಬೊಂಬೆ, ಆಟಿಕೆ ಇದ್ದರೆ ಸೆಲ್ ತೆಗೆದಿಡುವುದನ್ನು ಮರೆಯಬೇಡಿ. ಸೆಲ್ ಒಸರಿ ಬಿಳಿ ಪುಡಿ ಕಟ್ಟಿದ್ದರೆ ಹತ್ತಿ ಸುತ್ತಿದ ಕಡ್ಡಿಯನ್ನು ವಿನೆಗರಿನಲ್ಲಿ ಅದ್ದಿ ಒರೆಸಿ. ನಮ್ಮ ಮನೆ ಬೊಂಬೆ ಹಾಗೇ ಮತ್ತೆ ಹಾಡಿತು, ಸ್ವಲ್ಪ ಅಪಸ್ವರದಲ್ಲಿ. ಕೀಲಿ ಕೊಡುವ ಹಾಡಿನ ಪೆಟ್ಟಿಗೆಯಾದರೆ ಪೂರ್ತಿ ಓಡಿ ನಿಂತ ಮೇಲೆ ಎತ್ತಿಡಿ.

ಹಬ್ಬದ ಪದ್ಧತಿಗಳನ್ನು ಹಾಗೇ ಉಳಿಸಿಕೊಳ್ಳಬೇಕು ಅನ್ನುವ ಹಟ ನನಗೆ ಈಗ ಇಲ್ಲ. ಅಮ್ಮ ಮಾಡುತ್ತಿದ್ದ ಹನ್ನೆರಡು ಕೆಲಸವನ್ನು ಒಬ್ಬಳೇ ಮಾಡಲು ಹೋಗಿ ಎಷ್ಟೋ ವರ್ಷ ಹಬ್ಬದ ದಿನವೇ ಎಲ್ಲರ ಮೇಲೆ ರೇಗಿದ್ದೇನೆ. ಮಕ್ಕಳಿಗೆ ನೆನಪಿರುವುದು ನನ್ನ ರೇಗಾಟವೇ, ಕೇಳಿದರೆ ಹೇಳುತ್ತಾರೆ. ಈಗ ಒಂದೇ ಇಟ್ಟುಕೊಂಡಿದ್ದೇವೆ. ಹಬ್ಬದ ಸಂಜೆ ಪೆಟ್ಟಿಗೆಯಿಂದ ಒಬ್ಬೊಬ್ಬರು ಒಂದು ವಸ್ತು ಕಣ್ಣು ಮುಚ್ಚಿ ಎತ್ತಬೇಕು, ಅದರ ಕತೆ ಗೊತ್ತಿದ್ದವರು ಹೇಳಬೇಕು. ಎರಡು ಜನ ಎರಡು ಥರ ಹೇಳಿದರೆ ಎರಡನ್ನೂ ಬರೆದಿಡುತ್ತೇವೆ, ಜಗಳ ಬಗೆಹರಿಸುವುದಿಲ್ಲ. ಯಾರಾದರೂ ತೀರಿಹೋದ ವರ್ಷ ಬೇಡ ಅನಿಸಿದರೆ ಬಿಡುತ್ತೇವೆ. ಒತ್ತಾಯ ಮಾಡಿ ನೆನಪಿಸುವುದು ಒಳ್ಳೆಯದಲ್ಲ, ಅಲ್ವಾ?

ಹಂಚಿಕೊಳ್ಳುವ ಮಾತು ಬಂದರೆ, ಚಿನ್ನಕ್ಕಿಂತ ಜಾಸ್ತಿ ಜಗಳ ಆಗುವುದು ಅಪ್ಪನ ಕನ್ನಡಕ, ಅಮ್ಮನ ಹೊಲಿಗೆ ಡಬ್ಬಿಗೆ. ಬದುಕಿರುವಾಗಲೇ ಕೇಳಿ, ಚೀಟಿ ಅಂಟಿಸಿ. ಎಲ್ಲವನ್ನೂ ಇಟ್ಟುಕೊಳ್ಳಲು ಹೋಗಬೇಡಿ. ನಾನು ಒಂದು ಟ್ರಂಕಿಗೆ ಹಿಡಿಸುವಷ್ಟು ಅಂತ ಗೆರೆ ಹಾಕಿಕೊಂಡಿದ್ದೇನೆ. ಉಳಿದದ್ದರ ಫೋಟೋ ತೆಗೆದು, ಬೇಕಾದವರಿಗೆ ಕೊಟ್ಟುಬಿಟ್ಟೆ. ಆ ಫೋಟೋಗಳನ್ನೂ ದನಿಯನ್ನೂ ಎರಡು ಬೇರೆ ಬೇರೆ ಕಡೆ ತುಂಬಿಸಿ, ಮೂರನೆಯದನ್ನು ಬೇರೆ ಊರಿನಲ್ಲಿರುವ ತಮ್ಮನ ಮನೆಯಲ್ಲಿ ಇಟ್ಟಿದ್ದೇನೆ. ಮೆಸೇಜಿನಲ್ಲಿ ಕಳಿಸುವಾಗ ಫೋಟೋ ಅಂತ ಕಳಿಸದೆ ಡಾಕ್ಯುಮೆಂಟ್ ಅಂತ ಕಳಿಸಿ. ಇಲ್ಲದಿದ್ದರೆ ಕುಗ್ಗಿಸಿ ಮಸುಕು ಮಾಡಿಬಿಡುತ್ತದೆ.

ಟ್ರಂಕಿನಲ್ಲಿ ಒಂದು ಫೋಟೋ ಇದೆ. ಅಪ್ಪನ ಪಕ್ಕ ಎರಡು ಜಡೆಯ ಒಬ್ಬ ಹುಡುಗಿ, ಕೈಯಲ್ಲಿ ಬೆಕ್ಕಿನ ಮರಿ. ಯಾರೂ ಗುರುತು ಹಿಡಿದಿಲ್ಲ. ಬೆನ್ನಿನ ಮೇಲೆ ನಾನೇ ಪೆನ್ಸಿಲಿನಲ್ಲಿ ಬರೆದಿದ್ದೇನೆ: "ಯಾರೋ ಗೊತ್ತಿಲ್ಲ. ಮೂಗು ಮಾತ್ರ ನಮ್ಮ ದೊಡ್ಡಮ್ಮನದೇ." ಮುಂದಿನ ಹಬ್ಬಕ್ಕೆ ಅಪ್ಪನ ಚಿಕ್ಕಮ್ಮನ ಮಗಳು ಬರುತ್ತಾರಂತೆ, ತೊಂಬತ್ತರ ಹತ್ತಿರ ಅವರಿಗೆ. ಫೋಟೋವನ್ನು ಎಲ್ಲಕ್ಕಿಂತ ಮೇಲೆ ಇಟ್ಟಿದ್ದೇನೆ. ಭೂತಗನ್ನಡಿಯನ್ನೂ ಒರೆಸಿಟ್ಟಿದ್ದೇನೆ.