ಹವಾಯಿ ದ್ವೀಪದಲ್ಲಿ ತಾಜಾ ಬಿಯರ್ ಹುಡುಕಿದ ನನ್ನ ಅನುಭವ

ಕಡಲತೀರದ ಹೋಟೆಲುಗಳನ್ನೆಲ್ಲ ಬಿಟ್ಟು ಸುಮಾರು 2,700 ಅಡಿ ಎತ್ತರದ ವೈಮೇಯಾ ಊರಿನಲ್ಲಿ ಎಂಟು ದಿನಕ್ಕೆ ಮನೆ ಹಿಡಿದಿದ್ದೇನೆಂದು ಹೇಳಿದಾಗ ನಮ್ಮ ಮನೆಯಲ್ಲಿ ಯಾರೂ ಒಪ್ಪಲಿಲ್ಲ. "ಭಾವ, ಹವಾಯಿಗೆ ಹೋಗಿ ಗುಡ್ಡದ ಮೇಲೆ ಸ್ವೆಟರ್ ಹಾಕಿಕೊಂಡು ಕೂರುವುದಾದರೆ ಊರಿಗೆ ಹೋದಾಗ ಮಡಿಕೇರಿಗೇ ಹೋಗಬಹುದಿತ್ತಲ್ಲ" ಎಂದು ಭಾವಮೈದುನ ಕೇಳಿದ. ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ನಾವು ಏಳೆಂಟು ಮಂದಿ ಕನ್ನಡಿಗರು ತಿಂಗಳಿಗೊಮ್ಮೆ ಸೇರಿ ಬಿಯರ್ ರುಚಿ ನೋಡುತ್ತೇವೆ. ಅವರ ಅಭಿಪ್ರಾಯ ಇನ್ನೂ ಖಡಾಖಂಡಿತವಾಗಿತ್ತು. ದ್ವೀಪದಲ್ಲಿ ಸಿಗುವುದು ರಮ್ ಹಾಕಿದ ಮೈ ತೈ, ಬಿಯರ್ ಬೇಕಿದ್ದವನು ಕ್ಯಾಲಿಫೋರ್ನಿಯಾ ಬಿಟ್ಟು ಕದಲಬಾರದು ಎಂದರು. 2022ರ ಅಕ್ಟೋಬರಿನ ಆ ಎಂಟು ದಿನಗಳಲ್ಲಿ ನಾನು ಕುಡಿದ ಇಪ್ಪತ್ತಕ್ಕೂ ಹೆಚ್ಚು ಗ್ಲಾಸುಗಳಲ್ಲಿ ಪಕ್ಕಕ್ಕೆ ಸರಿಸಬೇಕಾಗಿ ಬಂದದ್ದು ಎರಡೇ. ಆದ್ದರಿಂದ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಇದಕ್ಕೆ ಮೊದಲು ಎರಡು ಸಲ ಸೋತಿದ್ದೆ. 2016ರಲ್ಲಿ ಹೊನೊಲುಲುವಿನ ಕಡಲತೀರವಾದ ವೈಕೀಕೀಗೆ ಹೋಗಿದ್ದಾಗ ನನ್ನ ಬಳಿ ಯಾವ ವಿಧಾನವೂ ಇರಲಿಲ್ಲ. ಹೋಟೆಲಿನ ಕೆಳಗಿದ್ದ ಅಂಗಡಿಯಲ್ಲಿ ತೆಂಗಿನ ಮರ, ಅಲೆ, ದೋಣಿಗಳ ಚಿತ್ರವಿದ್ದ ಆರು ಬಾಟಲಿಯ ಪ್ಯಾಕನ್ನು ಕಂಡು, ಇದಕ್ಕಿಂತ ಸ್ಥಳೀಯವಾದದ್ದು ಇನ್ನೇನಿದೆ ಎಂದು ಕೊಂಡುಬಿಟ್ಟೆ. ಕೋಣೆಗೆ ಬಂದು ತೆರೆದರೆ ತೇವ ಹಿಡಿದ ರಟ್ಟಿನ ಪೆಟ್ಟಿಗೆಯ ವಾಸನೆ. ಲೇಬಲನ್ನು ಬೆಳಕಿಗೆ ಹಿಡಿದು ಓದಿದಾಗ, ಅಂಚಿನ ಚಿಕ್ಕ ಅಕ್ಷರಗಳಲ್ಲಿ ಅದನ್ನು ತಯಾರಿಸಿದ ಊರು ಅಮೆರಿಕದ ಮುಖ್ಯಭೂಮಿಯದೆಂದು ಬರೆದಿತ್ತು. ಸ್ಥಳೀಯ ಬಿಯರ್ ಕುಡಿಯಲು ನಾನು ಸುಮಾರು 3,900 ಕಿಲೋಮೀಟರ್ ಹಾರಿ ಹೋಗಿದ್ದೆ. ಆ ಬಾಟಲಿಯೂ ನನ್ನ ಖಂಡದಿಂದಲೇ ಹೊರಟು, ಹಡಗಿನ ಕಂಟೇನರಿನಲ್ಲಿ ಕೂತು, ಬಂದರಿನ ಗೋದಾಮಿನಲ್ಲಿ ಬೆಂದು, ನನಗಿಂತ ಬಹಳ ದಿನ ಮೊದಲೇ ಅಲ್ಲಿಗೆ ತಲುಪಿತ್ತು. ಅದೇ ವಾರ ಕಡಲತೀರದ ಒಂದು ಬಾರಿನಲ್ಲಿ ಟ್ಯಾಪಿನಿಂದ ಕೊಟ್ಟ ಪೇಲ್ ಏಲ್ ಬಿಯರ್ ಬೆಣ್ಣೆ ಬಿಸ್ಕತ್ತಿನಂತೆ ನಾರುತ್ತಿತ್ತು, ಹಿಂದೆಯೇ ಸಣ್ಣ ಹುಳಿ. ಟ್ಯಾಪಿಗೆ ಬಿಯರ್ ತರುವ ಕೊಳವೆ, ಅಂದರೆ ಲೈನ್, ತೊಳೆಯದೆ ಎಷ್ಟು ದಿನವಾಗಿತ್ತೋ. ಆ ಪ್ರವಾಸದಲ್ಲಿ ಬಿಯರಿಗೆಂದೇ ಸುಮಾರು 260 ಡಾಲರ್ ಖರ್ಚಾಯಿತು, ನೆನಪಿನಲ್ಲಿ ಉಳಿದದ್ದು ಮೂರು ಗ್ಲಾಸು.

2018ರಲ್ಲಿ ಹವಾಯಿಯದೇ ಇನ್ನೊಂದು ದ್ವೀಪವಾದ ಮಾವಿಗೆ ಹೋದಾಗ ಸ್ವಲ್ಪ ತಯಾರಾಗಿ ಹೋಗಿದ್ದೆ. ಮಾವಿ ಬ್ರೂವಿಂಗ್ ಎಂಬ ಬಿಯರ್ ಕಂಪನಿ 2005ರಿಂದ ಆ ದ್ವೀಪದಲ್ಲಿದೆ. ಕ್ಯಾನಿನಲ್ಲೇ ತುಂಬುತ್ತಾರೆ, ದ್ವೀಪದಲ್ಲೇ ತಯಾರಿಸುತ್ತಾರೆ. ಅವರ ತೆಂಗಿನಕಾಯಿ ಪೋರ್ಟರ್ ಎಂಬ ಕಪ್ಪು ಬಿಯರಿನ ಕ್ಯಾನುಗಳನ್ನು ನಾವಿದ್ದ ಕಾನಪಾಲಿಯ ಅಂಗಡಿಯೊಂದರಲ್ಲಿ ಕೊಂಡು ಕುಡಿದಾಗ, ಸುಟ್ಟ ಮಾಲ್ಟಿನ ಕಹಿಯೊಂದನ್ನು ಬಿಟ್ಟರೆ ಮತ್ತೇನೂ ಸಿಗಲಿಲ್ಲ. ಹಟ ಹಿಡಿದು ಮರುದಿನ ಕೀಹೇಯಲ್ಲಿ ಬಿಯರ್ ತಯಾರಿಸುವ ಅವರ ಬ್ರೂವರಿಗೇ ಹೋಗಿ ಅದೇ ಪೋರ್ಟರನ್ನು ಕೇಳಿದೆ. ಗ್ಲಾಸು ಮೂಗಿನ ಹತ್ತಿರ ಬರುವ ಮೊದಲೇ ಕೊಬ್ಬರಿಯ ಪರಿಮಳ ಬಂತು, ಚಟ್ನಿಪುಡಿಗೆಂದು ಅಮ್ಮ ಬಾಣಲೆಯಲ್ಲಿ ಕೊಬ್ಬರಿ ತುರಿಯನ್ನು ಕೆಂಪಗೆ ಹುರಿಯುವಾಗ ನಡುಮನೆಯವರೆಗೆ ಬರುವಂಥದ್ದೇ. ನೊರೆ ಇಳಿದಂತೆಲ್ಲ ಗ್ಲಾಸಿನ ಒಳಮೈಯಲ್ಲಿ ಗುಟುಕಿಗೊಂದರಂತೆ ಬಳೆ ಉಳಿಯುತ್ತ ಹೋಯಿತು. ಒಂದೇ ದ್ವೀಪ, ಒಂದೇ ಬಿಯರ್, ನಡುವೆ ನಲವತ್ತು ಕಿಲೋಮೀಟರ್ ದಾರಿ, ಮತ್ತು ಯಾರೂ ಲೆಕ್ಕವಿಡದ ಬಿಸಿಲು.

ಆದರೆ ಆ ದಿನದ ಲೆಕ್ಕ ನೋಡಿ. ಕುಡಿದು ಕಾರು ಓಡಿಸುವ ಮಾತೇ ಇಲ್ಲವಾದ್ದರಿಂದ ಹೋಗಿ ಬರಲು ಟ್ಯಾಕ್ಸಿಗೆ ಸುಮಾರು 150 ಡಾಲರ್ ತೆತ್ತೆ, ಬಿಯರಿಗೆ ಕೊಟ್ಟದ್ದು 30. ವಾಪಸು ಬರುವಾಗ ಟ್ಯಾಕ್ಸಿಯಲ್ಲಿ ಕೂತೇ ಮುಂದಿನ ಪ್ರವಾಸದ ವಿಧಾನ ಹೊಳೆಯಿತು: ಮೊದಲು ಬಿಯರ್ ತಯಾರಾಗುವ ಟ್ಯಾಂಕ್ ಎಲ್ಲಿದೆ ಎಂದು ನೋಡುವುದು, ಅಲ್ಲಿಂದ ನಡೆದು ಬರುವಷ್ಟು ದೂರದಲ್ಲಿ ಮಲಗುವ ಜಾಗ ಹುಡುಕುವುದು, ಕಡಲಿಗೆ ಹಗಲು ಹೊತ್ತು ಕಾರಿನಲ್ಲಿ ಹೋಗಿಬರುವುದು. ಕಡಲು ಎಲ್ಲಿಗೂ ಹೋಗುವುದಿಲ್ಲ, ಬಿಸಿಲಿನಿಂದ ಕೆಡುವುದೂ ಇಲ್ಲ.

ಬಿಗ್ ಐಲೆಂಡ್ ಎಂದು ಕರೆಯುವ ಹವಾಯಿ ದ್ವೀಪದ ವೈಮೇಯಾವನ್ನು ಆರಿಸಿದ್ದು ಹೀಗೆ. ಅದು ಪಾರ್ಕರ್ ರಾಂಚಿನ ದನಗಳು ಮೇಯುವ ಹುಲ್ಲುಗಾವಲಿನ ಊರು. ಮಧ್ಯಾಹ್ನದ ಮೇಲೆ ಮಂಜು ಇಳಿಯುತ್ತದೆ, ರಾತ್ರಿ 15, 16 ಡಿಗ್ರಿ ಇರುತ್ತದೆ, ಹಾಪುನಾ ಬೀಚು ಕಾರಿನಲ್ಲಿ ಇಪ್ಪತ್ತೈದು ನಿಮಿಷ. ಬಿಗ್ ಐಲೆಂಡ್ ಬ್ರೂಹೌಸ್ ಎಂಬ ಬ್ರೂವರಿ ಇರುವುದು ಈ ಊರಿನಲ್ಲೇ. ಬಿಯರ್ ಕೆಡುವ 3-30-300 ಲೆಕ್ಕ ಹೀಗಿದೆ: 32 ಡಿಗ್ರಿಯಲ್ಲಿ ಮೂರು ದಿನಕ್ಕೆ ಆಗುವ ಹಾನಿ 22ರಲ್ಲಿ ಮೂವತ್ತು ದಿನಕ್ಕೆ, 3ರಲ್ಲಿ ಮುನ್ನೂರು ದಿನಕ್ಕೆ. ಕಡಲತೀರದ ಅಂಗಡಿಯವನ ಹಿಂಬದಿ ಕೋಣೆ ಈ ಲೆಕ್ಕದಲ್ಲಿ ಎಲ್ಲಿ ನಿಲ್ಲುತ್ತದೆ, ವೈಮೇಯಾದಂಥ ಊರಿನ ಹಿಂಬದಿ ಕೋಣೆ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಯೋಚಿಸಿದರೆ ನನ್ನ ಆಯ್ಕೆ ಯಾರಿಗೂ ವಿಚಿತ್ರವೆನಿಸಬಾರದು. ಹಣದ ಮಟ್ಟಿಗೂ ಇದು ಗೆಲುವೇ. ವೈಕೊಲೋವಾ ಕಡೆಯ ರೆಸಾರ್ಟುಗಳು ಆಗ ರಾತ್ರಿಗೆ 450 ಡಾಲರ್ ಮೇಲೆ ಹೇಳುತ್ತಿದ್ದವು. ನಮ್ಮ ಎರಡು ಕೋಣೆಯ ಮನೆ, ಅಡುಗೆಮನೆ ಸಹಿತ, 220ರ ಆಸುಪಾಸು.

ಮೊದಲ ಸಂಜೆ ಬ್ರೂಹೌಸಿಗೆ ಎಲ್ಲರೂ ನಡೆದೇ ಹೋದೆವು. ಹಲವು ಬಿಯರುಗಳ ರುಚಿ ನೋಡಲು ಕೊಡುವ ಚಿಕ್ಕ ಗ್ಲಾಸುಗಳ ಸಾಲನ್ನು, ಅಂದರೆ ಫ್ಲೈಟನ್ನು, ತರಿಸದೆ ನೇರವಾಗಿ ಓವರ್‌ಬೋರ್ಡ್ ಐಪಿಎ ಒಂದು ಪೈಂಟ್ ಹೇಳಿದೆ. ಹೊಸ ಜಾಗದಲ್ಲಿ ನಾನು ಯಾವಾಗಲೂ ಐಪಿಎಯಿಂದಲೇ ಶುರುಮಾಡುತ್ತೇನೆ, ಏಕೆಂದರೆ ಆ ಬಗೆಯ ಬಿಯರಿನಲ್ಲಿ ಹೆಚ್ಚಿರುವ, ಕಹಿಯನ್ನೂ ಪರಿಮಳವನ್ನೂ ಕೊಡುವ ಹಾಪ್ಸ್ ಹೂವಿನ ವಾಸನೆ ಎಲ್ಲಕ್ಕಿಂತ ಮೊದಲು ಸಾಯುತ್ತದೆ, ಅದು ಬದುಕಿದ್ದರೆ ಉಳಿದವು ಬದುಕಿರುತ್ತವೆ. ಆ ಪೈಂಟಿನಲ್ಲಿ ಚಕ್ಕೋತದ ಸಿಪ್ಪೆಯನ್ನು ಉಗುರಿನಿಂದ ಗೀರಿದಾಗ ಸಿಡಿಯುವ ಎಣ್ಣೆಯ ವಾಸನೆಯಿತ್ತು. ಕಹಿ ನಾಲಿಗೆಯ ಹಿಂಬದಿಗೆ ಹೋಗಿ ಒಣಗಿ ನಿಂತಿತು, ಅಂಟಲಿಲ್ಲ. ಕೊಬ್ಬರಿ ಮತ್ತು ಕಾಫಿಯ ವೈಟ್ ಮೌಂಟನ್ ಪೋರ್ಟರನ್ನು ಅದರ ಮೇಲೆ ಕುಡಿದೆವು. ಹೊರಗೆ ಮಂಜು ಹನಿಯುತ್ತಿದ್ದ ಆ ಚಳಿಯಲ್ಲಿ ಪೋರ್ಟರ್ ಹೊಂದಿಕೊಂಡಷ್ಟು ಬಿಸಿಲಿನ ತೀರದಲ್ಲಿ ಎಂದೂ ಹೊಂದಿಕೊಳ್ಳಲಾರದು. ಮಡಿಕೇರಿಯ ಮಾತಾಡಿದ್ದ ಭಾವಮೈದುನನೇ ಎರಡನೆಯ ಗ್ಲಾಸು ಹೇಳಿದ. ಮನೆಗೆ ಮರಳಲು ಹದಿನೈದು ನಿಮಿಷ, ಟ್ಯಾಕ್ಸಿಯ ಖರ್ಚು ಶೂನ್ಯ.

ಬ್ರೂವರಿಯ ಹೊರಗೆ ಕುಡಿಯಬೇಕಾದಾಗ ನಾನು ಅನುಸರಿಸಿದ ಕ್ರಮ ಹೀಗಿದೆ. ಅಂಗಡಿಯಲ್ಲಾದರೆ ಕ್ಯಾನನ್ನು ತಲೆಕೆಳಗು ಮಾಡಿ, ತಳದ ಹನಿಯನ್ನು ಹೆಬ್ಬೆರಳಿನಿಂದ ಒರೆಸಿ, ತುಂಬಿದ ದಿನಾಂಕ ಓದುತ್ತೇನೆ. ಕೆಲವರು ತಿಂಗಳು ಬರೆಯದೆ ವರ್ಷದ ಎಷ್ಟನೆಯ ದಿನ ಎಂದಷ್ಟೇ ಹೊಡೆದಿರುತ್ತಾರೆ, 213 ಎಂದರೆ ಆಗಸ್ಟ್ 1. ಲಾಗರ್ ಬಗೆಯ ಬಿಯರ್ ಎರಡು ತಿಂಗಳವರೆಗೆ ಪರವಾಗಿಲ್ಲ. ಐಪಿಎ ಐದು ವಾರ ದಾಟಿದ್ದರೆ ಮುಟ್ಟುವುದಿಲ್ಲ. ಫ್ರಿಜ್ಜಿನ ಹೊರಗೆ ಗೋಪುರ ಕಟ್ಟಿಟ್ಟ ಪ್ಯಾಕುಗಳನ್ನು, ಬೆಲೆ ಎಷ್ಟೇ ಇಳಿಸಿರಲಿ, ತೆಗೆದುಕೊಳ್ಳುವುದಿಲ್ಲ. ಬಾರಿನಲ್ಲಾದರೆ ಶುಕ್ರವಾರ ಸಂಜೆ ಹೋಗುತ್ತೇನೆ. ವಾರಾಂತ್ಯಕ್ಕೆಂದು ಗುರುವಾರದ ಹೊತ್ತಿಗೆ ಬಿಯರಿನ ಹೊಸ ಪೀಪಾಯಿಗಳು, ಅಂದರೆ ಕೆಗ್ಗುಗಳು, ಬಂದಿರುತ್ತವೆ, ಜನ ಹೆಚ್ಚಿರುವುದರಿಂದ ಬೇಗ ಖಾಲಿಯೂ ಆಗುತ್ತವೆ. ಈ ಪ್ರವಾಸದಲ್ಲಿ ನಾನು ಪಕ್ಕಕ್ಕೆ ಸರಿಸಿದ ಎರಡು ಗ್ಲಾಸುಗಳಲ್ಲಿ ಒಂದು, ಈ ನಿಯಮವನ್ನು ಮರೆತು ಮಂಗಳವಾರ ಮಧ್ಯಾಹ್ನ ರೆಸಾರ್ಟೊಂದರ ಈಜುಕೊಳದ ಬಾರಿನಲ್ಲಿ ಕೊಂಡದ್ದು. ಬೆಲೆ 11 ಡಾಲರ್, ಅದರ ಮೇಲೆ ಟಿಪ್ಸು. ಟ್ಯಾಪಿನ ಹಿಂದೆ ನಿಂತವರಿಗೆ ನಾನು ಕೇಳುವ ಒಂದು ಪ್ರಶ್ನೆಯಿದೆ. ಅದರ ಉತ್ತರದಿಂದ ಆ ಜಾಗದ ಲೈನುಗಳ ಸ್ಥಿತಿ ಅರ್ಧ ನಿಮಿಷದಲ್ಲಿ ತಿಳಿದುಬಿಡುತ್ತದೆ. ಎಲ್ಲರೂ ಅದನ್ನೇ ಕೇಳತೊಡಗಿದರೆ ಬಾಯಿಪಾಠದ ಉತ್ತರ ಸಿಗುತ್ತದೆಯಾದ್ದರಿಂದ ಇಲ್ಲಿ ಬರೆಯುವುದಿಲ್ಲ.

ಕೋನಾ ಕಡೆಗೆ ಇಳಿದ ದಿನ ಓಲಾ ಬ್ರೂ ಎಂಬ ಬ್ರೂವರಿಗೆ ಹೋದೆವು. ಊರಿನ ಸಾಮಾನ್ಯ ಜನರೇ ಹಣ ಹಾಕಿ ಪಾಲುದಾರರಾಗಿರುವ ಸಂಸ್ಥೆ ಅದು. ದ್ವೀಪದ ರೈತರ ಹಣ್ಣುಗಳನ್ನು ಕೊಂಡು ಬಿಯರಿಗೂ, ಹಣ್ಣಿನ ರಸ ಹುದುಗಿಸಿ ಮಾಡುವ ಸೈಡರಿಗೂ ಬಳಸುತ್ತಾರೆ. ಹಣ್ಣಿನ ಬಿಯರೆಂದರೆ ಮೂಗು ಮುರಿಯುತ್ತಿದ್ದವನು ನಾನು. ಅಲ್ಲಿ ಆ ಪೂರ್ವಗ್ರಹವನ್ನು ಬಿಟ್ಟು ಬಂದೆ, ಏಕೆಂದರೆ ಅಲ್ಲಿನ ಹಣ್ಣಿನಲ್ಲಿ ಸಿರಪ್ಪಿನ ಜಿಗುಟು ಇರಲಿಲ್ಲ, ಹುಳಿಯಿತ್ತು. ಆ ದಿನ ಕಾರು ಓಡಿಸಿದ್ದು ನನ್ನ ಹೆಂಡತಿ. ಹೊರಡುವಾಗ ಗ್ರೌಲರ್ ಎಂಬ, ಬಿಯರ್ ಒಯ್ಯುವ ದೊಡ್ಡ ಬಾಟಲಿಯನ್ನು ತುಂಬಿಸಿಕೊಂಡು ಬರುವ ಯೋಜನೆಗೆ ಒಂದು ಕಡೆ ಅಡ್ಡಿ ಬಂತು: ಬೇರೆ ಬ್ರೂವರಿಯ ಗುರುತಿದ್ದ ಗ್ರೌಲರನ್ನು ತುಂಬುವುದಿಲ್ಲ ಎಂದರು. ಮನೆಯಿಂದ ಹೊತ್ತು ತಂದಿದ್ದ 50 ಡಾಲರಿನ ಉಕ್ಕಿನ ಗ್ರೌಲರ್ ಅಲ್ಲಿ ಕೆಲಸಕ್ಕೆ ಬರಲಿಲ್ಲ. ಮುಂದಿನ ಸಲ ಯಾವ ಗುರುತೂ ಇಲ್ಲದ್ದನ್ನು ಒಯ್ಯುತ್ತೇನೆ, ಮತ್ತು ಹೊರಡುವ ಮೊದಲೇ ಫೋನಿನಲ್ಲಿ ಕೇಳಿಕೊಳ್ಳುತ್ತೇನೆ.

ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. ಒಂದೇ ಪ್ಯಾಕಿನ, ಒಂದೇ ದಿನ ತುಂಬಿದ ಲಾಗರಿನ ಮೂರು ಕ್ಯಾನುಗಳನ್ನು ತೆಗೆದು, ಒಂದನ್ನು ಫ್ರಿಜ್ಜಿನಲ್ಲೂ ಒಂದನ್ನು ಅಡುಗೆಮನೆಯ ಕಟ್ಟೆಯ ಮೇಲೂ ಇಟ್ಟು, ಮೂರನೆಯದನ್ನು ಮೂರು ದಿನ ಕಾರಿನ ಡಿಕ್ಕಿಯಲ್ಲಿ ಬಿಟ್ಟೆ. ಹಗಲೆಲ್ಲ ಕಾರು ಬೀಚಿನ ಬಿಸಿಲಿನಲ್ಲಿ ನಿಲ್ಲುತ್ತಿತ್ತು. ಡಿಕ್ಕಿಯಲ್ಲಿಟ್ಟ ಚಿಕ್ಕ ಥರ್ಮಾಮೀಟರು ಒಂದು ಮಧ್ಯಾಹ್ನ 45 ಡಿಗ್ರಿ ಮುಟ್ಟಿತ್ತು. ನಾಲ್ಕನೆಯ ಸಂಜೆ ಮೂರನ್ನೂ ಒಂದೇ ಸಮ ತಣ್ಣಗೆ ಮಾಡಿ, ಲೋಟಗಳ ತಳಕ್ಕೆ ಗುರುತು ಅಂಟಿಸಿ, ಹೆಂಡತಿಗೂ ಭಾವಮೈದುನನಿಗೂ ಕೊಟ್ಟೆ. ಫ್ರಿಜ್ಜಿನದಕ್ಕೂ ಕಟ್ಟೆಯದಕ್ಕೂ ವ್ಯತ್ಯಾಸ ಇಬ್ಬರಿಗೂ ಗೊತ್ತಾಗಲಿಲ್ಲ, ನಿಜ ಹೇಳಬೇಕೆಂದರೆ ನನಗೂ ಅಷ್ಟಾಗಿ ಗೊತ್ತಾಗಲಿಲ್ಲ. ಡಿಕ್ಕಿಯ ಲೋಟವನ್ನು ಮಾತ್ರ ಇಬ್ಬರೂ ಮೂಸಿದ ಕೂಡಲೇ ಬೇರೆ ಮಾಡಿದರು. "ಇದು ಹಳೇ ಪುಸ್ತಕದ ವಾಸನೆ" ಎಂದಳು ನನ್ನವಳು. 2016ರ ವೈಕೀಕೀಯ ಬಾಟಲಿಯೇ ಎದುರಿಗೆ ಬಂದು ನಿಂತಂತಾಯಿತು. ಅಂದಿನಿಂದ ಕೊಂಡ ಕ್ಯಾನುಗಳನ್ನು ಐಸಿನ ಪೆಟ್ಟಿಗೆಯಿಲ್ಲದೆ ಕಾರಿಗೆ ಹತ್ತಿಸಿಲ್ಲ. ಥರ್ಮಾಕೋಲಿನ ಪೆಟ್ಟಿಗೆಗೆ ಆಗ ಅಲ್ಲಿ ಆರೇಳು ಡಾಲರ್, ಐಸಿಗೆ ಮೂರ‍್ನಾಲ್ಕು.

ಇನ್ನೊಂದು ಪ್ರಯೋಗ ಬರಿಯ ಕುತೂಹಲದ್ದು. ಹವಾಯಿಯವರು ಲೀ ಹಿಂಗ್ ಮುಯಿ ಎಂಬ, ಉಪ್ಪು ಹಾಕಿ ಒಣಗಿಸಿದ ಪ್ಲಮ್ಮಿನ ಕೆಂಪು ಪುಡಿಯನ್ನು ಅನಾನಸಿನ ಮೇಲೂ ಮಾವಿನ ಹೋಳಿನ ಮೇಲೂ ಉದುರಿಸಿ ತಿನ್ನುತ್ತಾರೆ. ಶಾಲೆಯ ಗೇಟಿನಲ್ಲಿ ಉಪ್ಪುಖಾರ ಸವರಿದ ನೆಲ್ಲಿಕಾಯಿ ತಿಂದು ಬೆಳೆದವರಿಗೆ ಆ ರುಚಿ ಹೊಸದೇನಲ್ಲ. ಗ್ಲಾಸಿನ ಅಂಚಿಗೆ ಅದನ್ನು ಸವರಿ ಗೋಧಿ ಬಿಯರ್ ಕುಡಿದರೆ ಉಪ್ಪು, ಹುಳಿ, ಸಿಹಿ ಮೂರೂ ಕೂಡಿ ಬಹಳ ಚೆನ್ನಾಗಿರುತ್ತದೆ. ಐಪಿಎಗೆ ಹಾಕಿದರೆ ಕಹಿಯೂ ಉಪ್ಪೂ ಜಗಳಕ್ಕೆ ನಿಂತು ನಾಲಿಗೆ ಕೆಡುತ್ತದೆ. ಐಪಿಎ ಜೊತೆಗೆ ನಾವು ತಂದಿದ್ದ ಕಾಂಗ್ರೆಸ್ ಕಡಲೇಬೀಜವೇ ಸರಿಹೋಯಿತು. ಅದರ ಕರಿಬೇವು ಮತ್ತು ಇಂಗಿನ ಘಾಟಿಗೆ ಹಾಪ್ಸು ಸೋಲುವುದಿಲ್ಲ. ತಂದದ್ದು ಅರ್ಧ ಕಿಲೋ, ನಾಲ್ಕನೆಯ ದಿನಕ್ಕೆ ಮುಗಿದು ಹೋಯಿತು.

ಕೊನೆಯ ಎರಡು ದಿನ ಸ್ಯಾಡಲ್ ರೋಡ್ ಹಿಡಿದು ಹೀಲೋ ಕಡೆಗೆ ದಾಟಿದೆವು. ಸದಾ ಮಳೆ ಸುರಿಯುವ ಆ ಊರಿನಲ್ಲಿ ಒಂದು ಪುಟ್ಟ ಅಂಗಡಿ ಸಿಕ್ಕಿತು. ಅದರ ಯಜಮಾನರು ಬಿಯರನ್ನೆಲ್ಲ ಫ್ರಿಜ್ಜಿನಲ್ಲೇ ಇಡುತ್ತಾರೆ, ಹಳೆಯ ದಿನಾಂಕದವನ್ನು ತಾವೇ ತೆಗೆದು ಪಕ್ಕಕ್ಕಿಡುತ್ತಾರೆ. ಅಲ್ಲಿಗೆ ವಾರಕ್ಕೆ ಬರುವುದು ಎರಡೋ ಮೂರೋ ಕೇಸು, ಅವನ್ನು ನಂಬಿಕೊಂಡ ಸ್ಥಳೀಯರಿದ್ದಾರೆ. ಆದ್ದರಿಂದ ಅಂಗಡಿಯ ಹೆಸರನ್ನು ನಾನು ಹೇಳಲಾರೆ. ಅಲ್ಲಿ ಹನ್ನೆರಡು ಕ್ಯಾನು ಕೊಂಡೆ. ಕ್ಯಾನಿಗೆ ಐದು ಸೆಂಟಿನ ಠೇವಣಿಯನ್ನು ಬಿಲ್ಲಿನಲ್ಲೇ ಸೇರಿಸುತ್ತಾರೆ, ಖಾಲಿ ಕ್ಯಾನನ್ನು ಹವಾಯಿಯಲ್ಲೇ ಇರುವ ಮರುಪಾವತಿ ಕೇಂದ್ರಕ್ಕೆ ಒಯ್ದು ಕೊಟ್ಟರೆ ಮಾತ್ರ ವಾಪಸು ಕೊಡುತ್ತಾರೆ. ನನ್ನವು ಹೊರಟದ್ದು ಕ್ಯಾಲಿಫೋರ್ನಿಯಾಕ್ಕಾದ್ದರಿಂದ ಆ ಅರವತ್ತು ಸೆಂಟು ಅಲ್ಲಿಯೇ ಉಳಿಯಿತು. ಒಂದೊಂದನ್ನೂ ಒಗೆಯುವ ಬಟ್ಟೆಯಲ್ಲಿ ಸುತ್ತಿ, ನಿಂತ ಭಂಗಿಯಲ್ಲಿ ಸೂಟ್‌ಕೇಸಿನ ನಡುವೆ ಜೋಡಿಸಿ, ಹೊರಡುವ ಬೆಳಗಿನವರೆಗೂ ಫ್ರಿಜ್ಜಿನಲ್ಲಿಟ್ಟಿದ್ದ ಕಾರಣ ಮನೆ ತಲುಪಿ ತೆಗೆದಾಗ ಮುಟ್ಟಿದರೆ ಇನ್ನೂ ತಣ್ಣಗಿದ್ದವು. ಒಂದೂ ಸೋರಿರಲಿಲ್ಲ. ಇಡೀ ಪ್ರವಾಸದ ಬಿಯರ್ ಖರ್ಚು, ಈ ಹನ್ನೆರಡೂ ಸೇರಿ, 240 ಡಾಲರ್ ದಾಟಲಿಲ್ಲ.

ಆ ತಿಂಗಳ ಕೂಟಕ್ಕೆ ಎಂಟು ಕ್ಯಾನು ಒಯ್ದೆ. ನಾಲ್ಕನ್ನು ಯಾರಿಗೂ ಹೇಳದೆ ಮನೆಯಲ್ಲೇ ಉಳಿಸಿಕೊಂಡಿದ್ದೆ.