ಹಳೇ ಡಬ್ಬಾದಲ್ಲಿ ಎಂಟು ಹಾರ್ಡ್‌ಡಿಸ್ಕ್: ನನ್ನ ಅನುಭವ

ಎಂಟು ಹಾರ್ಡ್‌ಡಿಸ್ಕ್, ಮೇಲೊಂದು ಎಸ್‌ಎಸ್‌ಡಿ. ಎಲ್ಲವೂ ಒಂದೇ ಹಳೇ ಕ್ಯಾಬಿನೆಟ್‌ನಲ್ಲಿ ಓಡುತ್ತಾ ಹನ್ನೊಂದು ತಿಂಗಳಾಯಿತು. ನಡುವೆ ಒಂದು ಪೂರ್ತಿ ಬೇಸಿಗೆ ದಾಟಿದೆ, ಅದೂ ಕಲಬುರಗಿಯ ಬೇಸಿಗೆ. "ಇದು ಆಗಂಗಿಲ್ರಿ, ಸುಮ್ಮ ರೊಕ್ಕ ಹಾಳ ಮಾಡ್ಕೋಬ್ಯಾಡ್ರಿ" ಅಂದಿದ್ದ ಸೂಪರ್ ಮಾರ್ಕೆಟ್‌ನ ಅಂಗಡಿಯವರು ಹೋದ ವಾರ ಸ್ಟುಡಿಯೋಗೆ ಬಂದು, ಕ್ಯಾಬಿನೆಟ್ಟಿನ ಬಾಗಿಲು ತೆಗೆಸಿ ನೋಡಿ, ಮೊಬೈಲ್‌ನಲ್ಲಿ ಫೋಟೋ ಹೊಡೆದುಕೊಂಡು ಹೋದರು. ಅದಕ್ಕೇ ಬರೆಯೋಣ ಅನ್ನಿಸಿತು.

ನನ್ನದು ಮದುವೆ ಫೋಟೋ, ವಿಡಿಯೋ ಮಿಕ್ಸಿಂಗ್ ಕೆಲಸ. ಎರಡು ಕ್ಯಾಮೆರಾ, ಒಂದು ಡ್ರೋನ್ ಅಂದರೆ ಒಂದು ಮದುವೆಗೆ ಸುಮಾರು 250 ಜಿಬಿ. ಸೀಸನ್‌ಗೆ ಮೂವತ್ತು ಮದುವೆ ಹಿಡಿಯಿರಿ. ಗಿರಾಕಿ ಎರಡು ವರ್ಷ ಬಿಟ್ಟು ಬಂದು "ಪೆನ್‌ಡ್ರೈವ್ ಕಳಕೊಂಡೀವ್ರಿ, ಇನ್ನೊಮ್ಮೆ ಕೊಡ್ರಿ" ಅಂತಾರೆ. ಇಲ್ಲ ಅನ್ನೋಕೆ ಆಗಲ್ಲ. ಹೀಗಾಗಿ ಎಕ್ಸ್‌ಟರ್ನಲ್ ಡಿಸ್ಕ್ ಮೇಲೆ ಡಿಸ್ಕ್ ತಂದು, ಮೇಜಿನ ತುಂಬ ವೈರು. ಒಂದು ಸಲ ನಮ್ಮ ಹುಡುಗನ ಕಾಲಿಗೆ ವೈರು ಸಿಕ್ಕಿ 2 ಟಿಬಿ ಡಿಸ್ಕ್ ಶಹಾಬಾದ್ ಕಲ್ಲಿನ ನೆಲಕ್ಕೆ ಬಿತ್ತು. ಟಕ್ ಟಕ್ ಅಂದಿತು, ಮುಗೀತು. ಆ ಡಿಸ್ಕಿನಲ್ಲಿದ್ದ ಮೂರು ಮದುವೆಗಳಿಗೆ ಬೇರೆಲ್ಲೂ ಎರಡನೇ ಕಾಪಿ ಇರಲಿಲ್ಲ. ಆ ಮೂರು ಮನೆಯವರಿಗೆ ಏನು ಹೇಳಿದೆ ಅನ್ನೋದು ಇಲ್ಲಿ ಬೇಡ ಬಿಡಿ.

ನಾಲ್ಕು ಡಿಸ್ಕ್ ಹಿಡಿಯೋ ರೆಡಿಮೇಡ್ ನ್ಯಾಸ್ ಡಬ್ಬಾಕ್ಕೆ (ನೆಟ್‌ವರ್ಕಿಗೆ ಹಚ್ಚಿಡುವ ಸ್ಟೋರೇಜ್) ನನಗೆ ಹೇಳಿದ ರೇಟು ನಲವತ್ತು ಸಾವಿರದ ಹತ್ತಿರ. ಅದೂ ಡಿಸ್ಕ್ ಬಿಟ್ಟು. ಮೂಲೆಯಲ್ಲಿ ನನ್ನ ಹಳೇ ಎಡಿಟಿಂಗ್ ಮಷೀನ್ ಬಿದ್ದಿತ್ತು. ಎಚ್61 ಮದರ್‌ಬೋರ್ಡ್, ಐ3-2120 ಪ್ರೊಸೆಸರ್, 8 ಜಿಬಿ ರ‍್ಯಾಮ್, ಹಿಂದಿನ ಕಾಲದ ದೊಡ್ಡ ಟವರ್ ಕ್ಯಾಬಿನೆಟ್. ಅಕ್ಕನ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್‌ನಲ್ಲಿದ್ದಾನೆ. "ಮಾಮಾ, ಈ ಡಬ್ಬಾದಾಗ ಎಂಟು ಡಿಸ್ಕ್ ಹೆಂಗ ಕುಂದರ್ತಾವ? ಗುಜರಿಗೆ ಹಾಕ್ರಿ" ಅಂದ. ಅದು ಸ್ವಲ್ಪ ತಾಗಿತು, ಸುಳ್ಳು ಯಾಕೆ ಹೇಳಲಿ.

ಮೊದಲು ಎಕ್ಸ್‌ಟರ್ನಲ್ ಡಿಸ್ಕ್‌ಗಳ ಹೊರಗಿನ ಪ್ಲಾಸ್ಟಿಕ್ ಚಿಪ್ಪು ಬಿಚ್ಚಿದೆ. ಅಲ್ಲೇ ಎರಡು ಪೆಟ್ಟು. ಒಂದು ಚಿಕ್ಕ ಡಿಸ್ಕ್ ಬಿಚ್ಚಿದರೆ ಒಳಗೆ ಮದರ್‌ಬೋರ್ಡಿಗೆ ನೇರ ಹಚ್ಚುವ ಸಾಟಾ ಕನೆಕ್ಟರೇ ಇಲ್ಲ. ಯುಎಸ್‌ಬಿ ಸಾಕೆಟ್ಟನ್ನೇ ಡಿಸ್ಕಿನ ಬೋರ್ಡಿಗೆ ಬೆಸುಗೆ ಹಾಕಿದ್ದಾರೆ. ಮತ್ತೆ ಮುಚ್ಚಿ ಟೇಪು ಸುತ್ತಿಟ್ಟೆ. ಇನ್ನೊಂದು 4 ಟಿಬಿ ದೊಡ್ಡದು. ಬಿಚ್ಚಿ ನೇರ ಬೋರ್ಡಿಗೆ ಹಾಕಿದರೆ ವಿಂಡೋಸ್ "ಫಾರ್ಮ್ಯಾಟ್ ಮಾಡಲಾ?" ಅಂತ ಕೇಳುತ್ತೆ. ಎದೆ ಧಸಕ್ಕಂದಿತು. ಒಳಗೆ ಹದಿನಾಲ್ಕು ಮದುವೆ ಇದ್ದವು. ಆಮೇಲೆ ಗೊತ್ತಾಯಿತು, ಕೆಲವು ಚಿಪ್ಪಿನೊಳಗಿನ ಸಣ್ಣ ಬೋರ್ಡ್ 512 ಬೈಟಿನ ಸೆಕ್ಟರನ್ನು (ಡಿಸ್ಕಿನಲ್ಲಿ ಡೇಟಾ ಬರೆಯುವ ಚಿಕ್ಕ ತುಂಡು) 4096 ಅಂತ ತೋರಿಸಿ ಬರೆದಿರುತ್ತೆ. ಅದೇ ಬೋರ್ಡ್ ಹಚ್ಚಿದರೆ ಮಾತ್ರ ಓದೋಕೆ ಬರುತ್ತೆ. ವಾಪಸ್ ಹಚ್ಚಿದೆ, ಎಲ್ಲ ಇತ್ತು. ಬೇರೆ ಡಿಸ್ಕಿಗೆ ಕಾಪಿ ಮಾಡಿ, ಆಮೇಲೆ ಫಾರ್ಮ್ಯಾಟ್ ಹೊಡೆದೆ. ಎಚ್61ಗೆ ಸ್ವಂತದ ಯುಎಸ್‌ಬಿ 3 ಇಲ್ಲ. ಯುಎಸ್‌ಬಿ 2ರಲ್ಲಿ ಒಂದು ಮದುವೆಗೆ ಎರಡು ಗಂಟೆ ಮೇಲಾಗುತ್ತೆ. ಎರಡು ರಾತ್ರಿ ಅದಕ್ಕೇ ಹೋಯಿತು.

ಪೋರ್ಟಿನ ವಿಷಯ. ಬೋರ್ಡಿನಲ್ಲಿ ನಾಲ್ಕು ಸಾಟಾ. ಆನ್‌ಲೈನ್‌ನಲ್ಲಿ ಒಂದು ಸಾಟಾಕ್ಕೆ ಐದು ಡಿಸ್ಕ್ ಹಚ್ಚುವ ಪೋರ್ಟ್ ಮಲ್ಟಿಪ್ಲೈಯರ್ ಸಿಕ್ಕಿತು, ಸಾವಿರದ ಏಳುನೂರೋ ಏನೋ. ಹಚ್ಚಿದರೆ ಐದರಲ್ಲಿ ಒಂದೇ ಡಿಸ್ಕ್ ಕಾಣುತ್ತೆ. ಕಾರ್ಡ್ ಕೆಟ್ಟಿದೆ ಅಂತ ಬದಲಿ ತರಿಸಿದೆ, ಅದೂ ಹಾಗೇ. ತಪ್ಪು ಕಾರ್ಡಿನದಲ್ಲ. ಇಂಟೆಲ್ ಬೋರ್ಡಿನ ಸ್ವಂತ ಸಾಟಾ ಪೋರ್ಟುಗಳು ಮಲ್ಟಿಪ್ಲೈಯರ್ ಒಪ್ಪೋದೇ ಇಲ್ಲ. ದುಡ್ಡು ಹೋಯಿತು. ಕೊನೆಗೆ ಎಎಸ್‌ಎಂ1166 ಅನ್ನೋ ಚಿಪ್ ಇರುವ ಆರು ಸಾಟಾ ಪೋರ್ಟಿನ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡನ್ನು ಸಿಕಂದರಾಬಾದಿನ ಕಂಪ್ಯೂಟರ್ ಮಾರ್ಕೆಟ್ ಸಿಟಿಸಿಯಿಂದ ತಂದೆ. ಯಾವ ಅಂಗಡಿ ಅಂತ ಹೇಳಲ್ಲ, ಅವನ ಹತ್ತಿರ ಇರೋದೇ ನಾಲ್ಕು ಕಾರ್ಡ್. ಎರಡು ಸಾವಿರದ ನಾನೂರು ಕೊಟ್ಟ ನೆನಪು. ಗ್ರಾಫಿಕ್ಸ್ ಕಾರ್ಡಿನ ಉದ್ದ ಸ್ಲಾಟ್ ಖಾಲಿ ಇತ್ತು, ಅಲ್ಲೇ ಕೂರಿಸಿದೆ. ಮೊದಲ ಸಲ ಸ್ಕ್ರೀನ್ ಕಪ್ಪಾಯಿತು. ಕಾರ್ಡ್ ತೆಗೆದು, ಬಯೋಸ್‌ಗೆ (ಬೋರ್ಡಿನ ಸೆಟ್ಟಿಂಗ್) ಹೋಗಿ ಡಿಸ್ಪ್ಲೇಯನ್ನು ಆನ್‌ಬೋರ್ಡ್ ಅಂತ ಕಟ್ಟಿಹಾಕಿದ ಮೇಲೆ ಸರಿಹೋಯಿತು. ಹಳೇ ಬೋರ್ಡ್ ಆದ್ದರಿಂದ ಈ ಕಾರ್ಡ್ ಅರ್ಧ ವೇಗದಲ್ಲಿ ಓಡುತ್ತೆ. ಓಡಲಿ, ತಿರುಗೋ ಡಿಸ್ಕಿಗೆ ಅಷ್ಟೇ ಜಾಸ್ತಿ.

ಹತ್ತು ಪೋರ್ಟ್ ಆದವು, ಕೆಲಸ ಮುಗೀತು ಅಂದುಕೊಂಡೆ. ನಿಜವಾದ ಗೋಳು ಶುರುವಾಗಿದ್ದೇ ಆಮೇಲೆ.

ನಾಲ್ಕು ಡಿಸ್ಕ್ ತನಕ ಏನೂ ತೊಂದರೆ ಇಲ್ಲ. ಐದನೆಯದು ಹಚ್ಚಿದರೆ ಒಂದು ದಿನ ಕಾಣುತ್ತೆ, ಒಂದು ದಿನ ಇಲ್ಲ. ಆರನೆಯದಕ್ಕೆ ಎರಡು ಮಾಯ. ಬೆಳಿಗ್ಗೆ ಆನ್ ಮಾಡಿದರೆ ಯಾವುದೋ ಒಂದು ಡಿಸ್ಕ್ ಟಿಕ್ ಅಂತ ನಿಂತು ಮತ್ತೆ ತಿರುಗೋಕೆ ಹೋಗುತ್ತೆ. ಕೇಬಲ್ ಬದಲಿಸಿದೆ. ಪೋರ್ಟ್ ಬದಲಿಸಿದೆ. ಡ್ರೈವರ್ ಮೂರು ಸಲ ಹಾಕಿದೆ. ಅಂಗಡಿಯವರು "ಡಿಸ್ಕ್ ಹೋಗ್ಯಾವ್ರಿ" ಅಂದರು. ಮೂರು ವಾರ ಹಾಳು.

ಒಂದು ದಿನ ಬೇಜಾರಾಗಿ ರೀಸೆಟ್ ಬಟನ್ ಒತ್ತಿದೆ. ಆರೂ ಡಿಸ್ಕ್ ಬಂದುಬಿಟ್ಟವು! ಆಫ್ ಮಾಡಿ ಆನ್ ಮಾಡಿದೆ, ಎರಡು ಇಲ್ಲ. ಮತ್ತೆ ರೀಸೆಟ್, ಆರೂ ಇದಾವೆ. ಆಗ ತಲೆಗೆ ಹೊಳೆಯಿತು. ರೀಸೆಟ್ ಒತ್ತಿದಾಗ ಡಿಸ್ಕ್‌ಗಳು ಆಗಲೇ ತಿರುಗುತ್ತಾ ಇರುತ್ತವೆ. ಆನ್ ಮಾಡಿದಾಗ ಎಲ್ಲವೂ ಒಟ್ಟಿಗೆ ನಿಂತಲ್ಲಿಂದ ಏಳಬೇಕು. ಓಡುವಾಗ 12 ವೋಲ್ಟ್ ಲೈನಿನಿಂದ ಅರ್ಧ ಆಂಪಿಯರ್ ಕುಡಿಯುವ ಡಿಸ್ಕ್, ಏಳುವಾಗ ಕೆಲವು ಸೆಕೆಂಡು ಹತ್ತಿರಹತ್ತಿರ ಎರಡು ಆಂಪಿಯರ್ ಕೇಳುತ್ತೆ. ಎಂಟಕ್ಕೆ ಹದಿನಾರು. ಪ್ರೊಸೆಸರು, ಫ್ಯಾನು ಬೇರೆ. ನನ್ನ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟು ಕೊಡುವ ಡಬ್ಬಿ) ಮೇಲೆ ದೊಡ್ಡ ಅಕ್ಷರದಲ್ಲಿ 450 ವ್ಯಾಟ್ ಅಂತಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ 12 ವೋಲ್ಟ್ 14 ಆಂಪಿಯರ್. ಅಂದರೆ 168 ವ್ಯಾಟ್! ಅದರ ಖಾಲಿ ಮೊಲೆಕ್ಸಿಗೆ (ಹಳೇ ನಾಲ್ಕು ಪಿನ್ನಿನ ಪವರ್ ಪ್ಲಗ್) ಮಲ್ಟಿಮೀಟರ್ ಹಚ್ಚಿ ಆನ್ ಮಾಡಿದೆ. 12ರಿಂದ 11.1ಕ್ಕೆ ಇಳಿದು ಮೇಲೆ ಬಂತು. 11.4ರ ಕೆಳಗೆ ಹೋಗಬಾರದು. ಮೂರು ವಾರ ಡಿಸ್ಕಿನ ಮೇಲೆ, ಕೇಬಲ್ ಮೇಲೆ ಸಿಟ್ಟು ಮಾಡಿಕೊಂಡಿದ್ದೆ. ಪಾಪ, ಅವು ಹಸಿದಿದ್ದವು ಅಷ್ಟೇ.

ದುಡ್ಡು ಉಳಿಸೋಣ ಅಂತ ಮೊದಲು ಜುಗಾಡ್ ಮಾಡಿದೆ. ಇನ್ನೊಂದು ಹಳೇ ಎಸ್‌ಎಂಪಿಎಸ್ ತಂದು, ಹಸಿರು ವೈರಿಗೂ ಕರಿ ವೈರಿಗೂ ಪಿನ್ನು ಚುಚ್ಚಿ ಅದರಿಂದ ನಾಲ್ಕು ಡಿಸ್ಕ್ ಓಡಿಸಿದೆ. ಮೊದಲು ಅದು ಆನ್, ಆಮೇಲೆ ಕಂಪ್ಯೂಟರ್. ಚೆನ್ನಾಗಿಯೇ ಓಡಿತು. ಆದರೆ ನಾನಿಲ್ಲದಾಗ ಹುಡುಗ ಉಲ್ಟಾ ಆನ್ ಮಾಡಿದ. ನಾಲ್ಕು ಡಿಸ್ಕ್ ಕಾಣಲಿಲ್ಲ. ಅವನು ಗಾಬರಿಯಾಗಿ ನನಗೆ ಹನ್ನೊಂದು ಸಲ ಫೋನ್ ಮಾಡಿದ್ದ. ನಾನು ಸೇಡಂನಲ್ಲಿ ಮಾಂಗಲ್ಯಧಾರಣೆ ಶೂಟ್ ಮಾಡುತ್ತಿದ್ದೆ. ಆ ಜುಗಾಡ್ ಅವತ್ತಿಗೇ ಬಂದ್.

ಇದರ ನಡುವೆ ಸುಟ್ಟಿದ್ದೂ ಆಯಿತು. ಮೊಲೆಕ್ಸಿನಿಂದ ಸಾಟಾ ಪವರ್ ಮಾಡುವ ಅರವತ್ತು ರೂಪಾಯಿ ಕೇಬಲ್ ಇದೆಯಲ್ಲ, ಅದು. ರಾತ್ರಿ ಹನ್ನೊಂದಕ್ಕೆ ಪ್ಲಾಸ್ಟಿಕ್ ವಾಸನೆ. ಹುಡುಗ ಊದಿನಕಡ್ಡಿ ಅಂದುಕೊಂಡಿದ್ದಾನೆ! ಪ್ಲಗ್ ಕಿತ್ತು ನೋಡಿದರೆ ಕನೆಕ್ಟರ್ ಕರಗಿ ಡಿಸ್ಕಿಗೆ ಅಂಟಿದೆ. ವೈರುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಎರಕ ಹೊಯ್ದು ಒಂದೇ ಗಟ್ಟಿ ಮಾಡಿದ ಜಾತಿ ಅದು. ಒಳಗೆ ತಂತಿಗಳು ಒಂದಕ್ಕೊಂದು ಎಷ್ಟು ಹತ್ತಿರ ಇವೆ ಅಂತ ಹೊರಗಿನಿಂದ ಗೊತ್ತಾಗಲ್ಲ. ಹಿಂದೆ ಮುಚ್ಚಳ ತೆಗೆಯೋಕೆ ಬರುವ, ವೈರನ್ನು ಒತ್ತಿ ಕೂರಿಸಿದ ಜಾತಿ ಬೇರೆ, ಒಳ್ಳೇದು ಅದೇ. ನನ್ನ ಹತ್ತಿರ ಈಗ ಎರಕದ್ದು ಒಂದೂ ಇಲ್ಲ. ಡಿಸ್ಕ್ ಉಳಿಯಿತು, ಚಾಕುವಿನಿಂದ ಕೆರೆದು ತೆಗೆದೆ.

ಆಮೇಲೆ ಕಣ್ಣು ಮುಚ್ಚಿ ಒಳ್ಳೆ 550 ವ್ಯಾಟಿನ ಎಸ್‌ಎಂಪಿಎಸ್ ತಂದೆ. ಮೂರು ಸಾವಿರದ ಆರುನೂರು. 12 ವೋಲ್ಟ್ ಒಂದರಲ್ಲೇ ನಲವತ್ತು ಆಂಪಿಯರ್ ಮೇಲೆ. ಎರಡು ಸಾಲಿನಲ್ಲಿ ಆರು ಸಾಟಾ ಪವರ್, ಉಳಿದ ಎರಡು ಡಿಸ್ಕ್ ಮತ್ತು ಎಸ್‌ಎಸ್‌ಡಿಗೆ ಮೊಲೆಕ್ಸಿನಿಂದ ಒಳ್ಳೆ ಜಾತಿಯ ಕೇಬಲ್. ಆನ್ ಮಾಡಿದೆ. ಏಳು ಬಂದವು, ಒಂದು ಇಲ್ಲ. ಚಿಪ್ಪಿನಿಂದ ಬಿಚ್ಚಿದ 8 ಟಿಬಿ ಡಿಸ್ಕ್, ಅಲ್ಲಾಡುತ್ತಲೂ ಇಲ್ಲ. ನಿನ್ನೆ ತನಕ ಹಳೇ ಅರವತ್ತು ರೂಪಾಯಿ ಕೇಬಲ್‌ನಲ್ಲಿ ಓಡಿದ್ದು ಹೊಸ ಎಸ್‌ಎಂಪಿಎಸ್‌ನಲ್ಲಿ ಸತ್ತಿತಾ? ಅಂಗಡಿಯವರು ಮತ್ತೆ ಅದೇ ಮಾತು, "ಡಿಸ್ಕ್ ಹೋಗ್ಯಾದ್ರಿ." ಹೋಗಿರಲಿಲ್ಲ. ಇಂಥ ಡಿಸ್ಕ್‌ಗಳಲ್ಲಿ ಪವರಿನ ಮೂರನೇ ಪಿನ್ನಿಗೆ 3.3 ವೋಲ್ಟ್ ಸಿಕ್ಕರೆ ಅದು "ಮಲಗಿರು" ಅನ್ನೋ ಹುಕುಂ. ಮೊಲೆಕ್ಸಿನಲ್ಲಿ 3.3 ಇರೋದೇ ಇಲ್ಲ, ಅದಕ್ಕೇ ಅಲ್ಲಿ ಓಡುತ್ತಿತ್ತು. ಮೊಬೈಲ್ ರಿಪೇರಿಯವರು ಬಳಸುವ ಹಳದಿ ಶಾಖದ ಟೇಪ್ ಸಣ್ಣಗೆ ಕತ್ತರಿಸಿ ಮೊದಲ ಮೂರು ಪಿನ್ ಮೇಲೆ ಅಂಟಿಸಿದೆ. ತಿರುಗಿತು. ಟೇಪಿನ ಖರ್ಚು ಸೊನ್ನೆ, ಪಕ್ಕದ ಅಂಗಡಿಯ ಹುಡುಗ ಚಹಾಕ್ಕೆ ಕೊಟ್ಟ.

ಇನ್ನೊಂದು ಮಾತು. ವೈರು ಬಿಚ್ಚಿ ಹಚ್ಚುವ ಜಾತಿಯ ಎಸ್‌ಎಂಪಿಎಸ್ ಇದ್ದರೆ, ಬೇರೆಯದರ ಕೇಬಲ್ ಅದಕ್ಕೆ ಹಚ್ಚಬೇಡಿ. ಪ್ಲಗ್ ಕೂರುತ್ತೆ, ಒಳಗಿನ ವೈರಿನ ಸಾಲು ಬೇರೆ ಇರುತ್ತೆ. ಯಾದಗಿರಿಯ ಗೆಳೆಯ ಹಾಗೆ ಮಾಡಿ 5 ವೋಲ್ಟ್ ಜಾಗಕ್ಕೆ 12 ಕೊಟ್ಟ. ಎರಡು ಡಿಸ್ಕ್ ಮಕಾಡೆ. ನನಗೆ ತಂದುಕೊಟ್ಟ, ನಾನು ಸುಮ್ನೆ ಕೈಯಾಡಿಸಿದೆ. ಡಿಸ್ಕಿನ ಹಸಿರು ಬೋರ್ಡಿನಲ್ಲಿ ಪವರ್ ಕನೆಕ್ಟರ್ ಹತ್ತಿರ ಎರಡು ಕರಿ ಡಯೋಡ್ ಇರುತ್ತವೆ. ವೋಲ್ಟೇಜ್ ಜಾಸ್ತಿ ಬಂದರೆ ತಾವು ಶಾರ್ಟ್ ಆಗಿ ಉಳಿದದ್ದನ್ನು ಕಾಯುತ್ತವೆ. ಮೀಟರ್ ಹಚ್ಚಿದರೆ 5 ವೋಲ್ಟಿನದು ಪೂರ್ತಿ ಶಾರ್ಟ್. ಕಿತ್ತೆಸೆದೆ. ಒಂದು ಡಿಸ್ಕ್ ಎದ್ದಿತು, ಇನ್ನೊಂದು ಏಳಲಿಲ್ಲ. ಎದ್ದದ್ದರಿಂದ ಎಲ್ಲ ಕಾಪಿ ಮಾಡಿಸಿದೆ. ಕಾವಲುಗಾರ ಇಲ್ಲದ ಡಿಸ್ಕ್ ಅದು, ಮತ್ತೆ ಬಳಸಬೇಡ ಅಂದೆ. ಅವನು ಇವತ್ತಿಗೂ ಬಳಸುತ್ತಿದ್ದಾನೆ.

ಏಪ್ರಿಲ್ ಬಂತು. ಮದುವೆ ಸೀಸನ್ನು, ಬಿಸಿಲು ಎರಡೂ ಒಟ್ಟಿಗೆ. ಹೊರಗೆ 42, 43 ಡಿಗ್ರಿ. ಡಿಸ್ಕಿನ ಆರೋಗ್ಯ, ಬಿಸಿ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಸಾಫ್ಟ್‌ವೇರ್‌ನಲ್ಲಿ ನಡುವಿನ ಡಿಸ್ಕ್‌ಗಳು 56 ತೋರಿಸಿದವು. ಪಕ್ಕದ ಬಾಗಿಲು ತೆಗೆದಿಟ್ಟೆ, 58 ಆಯಿತು! ಮುಂದಿನ ಫ್ಯಾನಿನ ಗಾಳಿ ಡಿಸ್ಕಿನ ಮೇಲೆ ಹೋಗದೆ ಪಕ್ಕದಿಂದ ಸೋರಿಹೋಗುತ್ತಿತ್ತು. ಬಾಗಿಲು ಮುಚ್ಚಿ, ಮುಂದೆ 120 ಎಂಎಂ ಫ್ಯಾನ್ ಎರಡು ಹಾಕಿ, ಡಿಸ್ಕ್ ಪಂಜರದ ಅಕ್ಕಪಕ್ಕದ ಸಂದಿಗಳನ್ನು ಮದುವೆ ಆಲ್ಬಮ್ಮಿನ ರಟ್ಟಿನಿಂದ ಮುಚ್ಚಿದೆ. 46ಕ್ಕೆ ಇಳಿಯಿತು. ಮೇಲಿನ ಸಿಡಿ ಡ್ರೈವ್ ಜಾಗಗಳಲ್ಲಿ ಮೂರು ಡಿಸ್ಕ್ ಕೂತಿವೆ, ಅವುಗಳ ನಡುವೆ ಒಂದು ಬೆರಳು ಜಾಗ ಬಿಟ್ಟಿದ್ದೇನೆ. ನೀರಿನ ಏರ್‌ಕೂಲರ್ ಮುಂದೆ ಇಟ್ಟೂ ನೋಡಿದೆ, 41 ಬಂತು, ಖುಷಿಯಾಯಿತು. ಎರಡು ವಾರಕ್ಕೆ ಸ್ಕ್ರೂಗಳಿಗೆಲ್ಲ ತುಕ್ಕು. ತೆಗೆದುಬಿಟ್ಟೆ. ನೆಲದ ಕಲ್ಲಿಗೆ ಎಂಟು ಡಿಸ್ಕಿನ ಗುಂಯ್ ಸದ್ದು ಜೋರಾಗಿ ಕೇಳುತ್ತಿತ್ತು, ಹಳೇ ಚಪ್ಪಲಿಯ ಅಟ್ಟೆ ಕತ್ತರಿಸಿ ನಾಲ್ಕು ಮೂಲೆಗೆ ಕೊಟ್ಟೆ.

600 ವಿಎ ಯುಪಿಎಸ್ ಸ್ಟಾರ್ಟ್ ಆಗುವಾಗಲೇ ಕೂಗುತ್ತಿತ್ತು, ಈಗ 1 ಕೆವಿಎ. ಆದರೆ ಡಿಸ್ಕ್‌ಗಳು ಈಗ ಒಟ್ಟಿಗೆ ಏಳೋದೂ ಇಲ್ಲ. ಒಂದಾದ ಮೇಲೆ ಒಂದು ಏಳುತ್ತವೆ. ಅದನ್ನು ಹೆಂಗೆ ಮಾಡಿದೆ ಅಂತ ಅಂಗಡಿಯವರೂ ಕೇಳಿದರು. ಹೇಳಲಿಲ್ಲ, ಇಲ್ಲೂ ಹೇಳಲ್ಲ. ಪವರ್ ಕನೆಕ್ಟರಿನ ಹನ್ನೊಂದನೇ ಪಿನ್ ಬಗ್ಗೆ ಓದಿಕೊಳ್ಳಿ, ಅಷ್ಟು ಸಾಕು.

ರೇಯ್ಡ್ (ಹಲವು ಡಿಸ್ಕ್ ಸೇರಿಸಿ ಒಂದೇ ಎಂಬಂತೆ ಓಡಿಸೋದು) ಮಾಡಿಲ್ಲ. ಅಕ್ಕನ ಮಗ ಅದಕ್ಕೂ ನಕ್ಕ. ನನ್ನ ಡಿಸ್ಕ್‌ಗಳು ಒಂದು 1 ಟಿಬಿ, ಒಂದು 8, ನಡುವೆ ಸಿಸಿಟಿವಿ ಡಿವಿಆರ್‌ನಿಂದ ಬಂದ ಎರಡು. ಅವು ಮೂವತ್ತು ಸಾವಿರ ಗಂಟೆ ಓಡಿದ್ದವು, ಅಂದರೆ ಮೂರೂವರೆ ವರ್ಷ ಬಿಡದೆ. ಇಂಥ ಸಂತೆಯನ್ನು ರೇಯ್ಡಿಗೆ ಕಟ್ಟೋದು ಬೇಡ ಅನ್ನಿಸಿತು. ಪ್ರತಿ ಮದುವೆ ಎರಡು ಬೇರೆ ಡಿಸ್ಕಿನಲ್ಲಿ. ಮೂರನೆಯದು ಮನೆಯ ಕಪಾಟಿನಲ್ಲಿ.

ಒಟ್ಟು ಖರ್ಚು, ಡಿಸ್ಕ್ ಬಿಟ್ಟು, ಹನ್ನೊಂದು ಸಾವಿರದ ಆಸುಪಾಸು, ಯುಪಿಎಸ್ ಬೇರೆ. ಅದರಲ್ಲಿ ಮೂರು ಸಾವಿರ ಪೂರ್ತಿ ದಂಡ: ಮಲ್ಟಿಪ್ಲೈಯರ್, ಎರಡನೇ ಹಳೇ ಎಸ್‌ಎಂಪಿಎಸ್, ಸುಟ್ಟ ಕೇಬಲ್‌ಗಳು. ಸಿಕಂದರಾಬಾದಿನ ರೈಲು ಚಾರ್ಜು, ಬಿರಿಯಾನಿ ಇದರಲ್ಲಿ ಸೇರಿಲ್ಲ. ಈಗ ಒಂದು ಮದುವೆ ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ಅರ್ಧ ಗಂಟೆಯಲ್ಲಿ ಹೋಗುತ್ತೆ.

ಸದ್ಯಕ್ಕೆ ಒಂದೇ ಚಿಂತೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಮೂರನೇ ಡಿಸ್ಕಿನ ಸಿ7 ನಂಬರ್ (ಡೇಟಾ ಸಾಗುವಾಗ ಆದ ತಪ್ಪುಗಳ ಲೆಕ್ಕ) ಏರುತ್ತಿತ್ತು. ಅದು ಕೇಬಲ್ ದೋಷ, ಲಾಕ್ ಇರುವ ಕೇಬಲ್ ಹಾಕಿದೆ, ನಿಂತಿತು. ಆದರೆ ಡಿವಿಆರ್‌ನಿಂದ ಬಂದ ಒಂದರಲ್ಲಿ ಸಿ5 (ಓದೋಕೆ ತೊಂದರೆ ಕೊಡುವ ಸೆಕ್ಟರುಗಳ ಲೆಕ್ಕ) ಹೋದ ತಿಂಗಳು 8 ತೋರಿಸಿದೆ. ಅದು ಕೇಬಲ್ಲಿನದಲ್ಲ. ಅದರಲ್ಲಿರುವ ಮದುವೆಗಳನ್ನು ಈ ಭಾನುವಾರ ಬೇರೆ ಕಡೆ ಸಾಗಿಸಬೇಕು.