ಎಲ್ಲಾ ಥೆರಪಿಗೂ ನರ್ಸ್ ಆಡೋ ಮಾತು ಒಂದೇ ಅಲ್ಲ: ವಾರ್ಡಲ್ಲಿ ನಾನು ಕಲಿತು, ಕಲಿಸ್ತಿರೋ ರೀತಿ

ಸೈಕಿಯಾಟ್ರಿ ಪೋಸ್ಟಿಂಗಿಗೆ ಬರೋ ಬಿಎಸ್ಸಿ ನರ್ಸಿಂಗ್ ಸ್ಟೂಡೆಂಟ್ಸ್‌ನ ಸೈಕೋಥೆರಪಿ (ಮಾತಿನ ಮೂಲಕ ಮಾಡೋ ಮಾನಸಿಕ ಚಿಕಿತ್ಸೆ) ಬಗ್ಗೆ ಕೇಳಿದ್ರೆ ಪಟಪಟ ಅಂತ ಹೇಳ್ತಾರೆ. ಫ್ರಾಯ್ಡ್, ಬೆಕ್, ರೋಜರ್ಸ್, ಸಿಬಿಟಿ (ಯೋಚನೆ, ನಡವಳಿಕೆ ಬದಲಿಸೋ ಥೆರಪಿ), ಗ್ರೂಪ್, ಫ್ಯಾಮಿಲಿ, ಒಂದೊಂದಕ್ಕೂ ಡೆಫಿನಿಷನ್, ಇಂಡಿಕೇಶನ್, ಟೆಕ್ನಿಕ್ ಎಲ್ಲಾ ಬಾಯಿಪಾಠ. ಅವರು ಬರೆಯೋ ಪಟ್ಟೀಲಿ ಕೊನೇ ಕಾಲಂ ನರ್ಸ್ ರೋಲ್, ಅಲ್ಲಿ ಮಾತ್ರ ಎಲ್ಲದಕ್ಕೂ ಅದೇ ಮೂರು ಸಾಲು: ರಾಪೋ (ನಂಬಿಕೆಯ ಸಂಬಂಧ) ಬೆಳೆಸೋದು, ಧೈರ್ಯ ಹೇಳೋದು, ರೆಕಾರ್ಡ್ ಮಾಡೋದು. ವರ್ಷಾನುಗಟ್ಟಲೆ ವಾರ್ಡ್ ಡ್ಯೂಟಿ ಮಾಡಿ ಈಗ ಮಕ್ಕಳನ್ನ ಜೊತೆಗಿಟ್ಕೊಂಡು ಕಲಿಸ್ತಿರೋ ನನಗೆ ಆ ಕಾಲಂ ನೋಡಿದ್ರೆ ಸಂಕಟ ಆಗತ್ತೆ. ಯಾಕಂದ್ರೆ "ಏನೂ ಆಗಲ್ಲ, ಹೆದರ್ಬೇಡಿ" ಅನ್ನೋ ಒಂದೇ ಮಾತು ಸಪೋರ್ಟಿವ್ ಥೆರಪೀಲಿ ಔಷಧಿ, ಅದೇ ಮಾತು ಒಸಿಡಿ (ಬೇಡದ ಭಯ ಬಂದು, ಅದನ್ನ ಕಳೆಯಕ್ಕೆ ಒಂದೇ ಕೆಲಸ ಮತ್ತೆ ಮತ್ತೆ ಮಾಡೋ ಕಾಯಿಲೆ) ಪೇಷಂಟ್‌ಗೆ ಕಾಯಿಲೆ ಬೆಳೆಸೋ ಗೊಬ್ಬರ. ಸೈಕಾಲಜಿಸ್ಟ್ ಬಂದು ಒಂದು ಗಂಟೆ ಕೂತು ಹೋಗ್ತಾರೆ, ಉಳಿದಿದ್ದು ಇಪ್ಪತ್ಮೂರು ಗಂಟೆ ನಮ್ದು, ಅಷ್ಟೂ ಹೊತ್ತು ನಾವು ಏನು ಮಾತಾಡ್ತೀವಿ, ಏನು ಮಾತಾಡಲ್ಲ ಅನ್ನೋದ್ರ ಮೇಲೆ ಆ ಒಂದು ಗಂಟೆ ಉಳಿಯತ್ತೋ ಅಳಿಯತ್ತೋ ನಿಂತಿದೆ.

ನಾನು ಕಲಿಸೋದು ಫ್ರಾಯ್ಡ್‌ನಿಂದ ಶುರು ಮಾಡಲ್ಲ, ಪೆಪ್ಲೋ ಅವರಿಂದ. ಹಿಲ್ಡೆಗಾರ್ಡ್ ಪೆಪ್ಲೋ ನಮ್ಮ ಹಾಗೇ ನರ್ಸು, 1952ರಲ್ಲಿ ನರ್ಸ್-ಪೇಷಂಟ್ ಸಂಬಂಧಾನೇ ಚಿಕಿತ್ಸೆ ಅಂತ ಬರೆದ್ರು. ಪ್ಯಾರಿಸ್‌ನಲ್ಲಿ ಕ್ಲೋರ್‌ಪ್ರೊಮಜೈನ್ ಅನ್ನೋ ಔಷಧಿ ಮಾನಸಿಕ ಕಾಯಿಲೆಗೆ ಬಳಕೆಗೆ ಬಂದಿದ್ದೂ ಅದೇ ವರ್ಷ, ಎರಡನ್ನೂ ಒಟ್ಟಿಗೆ ನೆನಪಿಟ್ಕೊಳ್ಳಿ ಅಂತ ಹೇಳ್ತೀನಿ. ಆ ಸಂಬಂಧಕ್ಕೆ ಓರಿಯೆಂಟೇಷನ್ (ಪರಿಚಯ), ಐಡೆಂಟಿಫಿಕೇಶನ್ (ನಂಬಿಕೆ), ಎಕ್ಸ್‌ಪ್ಲಾಯ್ಟೇಷನ್ (ಸಹಾಯ ಬಳಸ್ಕೊಳ್ಳೋದು), ರೆಸಲ್ಯೂಷನ್ (ಮುಗಿಸಿ ಬೀಳ್ಕೊಡೋದು) ಅಂತ ನಾಲ್ಕು ಹಂತ. ವಾರ್ಡಲ್ಲಿ ಇದರ ಅರ್ಥ ಬಹಳ ಸರಳ, ಮೊದಲ ದಿನಾನೇ ಹೆಸರು ಹೇಳುವಾಗ್ಲೇ ನೀವು ಯಾವತ್ತು ಹೋಗ್ತೀರಿ ಅಂತಾನೂ ಹೇಳ್ಬೇಕು. "ಅಮ್ಮ, ನಾನು ಸ್ಟೂಡೆಂಟ್ ನರ್ಸ್, ಈ ತಿಂಗಳ ಕೊನೇವರೆಗೂ ದಿನಾ ಬೆಳಿಗ್ಗೆ ಬರ್ತೀನಿ, ಆಮೇಲೆ ನಮ್ಮ ಪೋಸ್ಟಿಂಗ್ ಮುಗಿಯತ್ತೆ" ಅಷ್ಟೇ. ಇದನ್ನ ಹೇಳದೇ ಹೋದ್ರೆ ಮೊದಲೇ ಯಾರೋ ಬಿಟ್ಟುಹೋಗಿ ನೊಂದಿರೋರಿಗೆ ಇನ್ನೊಬ್ಬರು ಬಿಟ್ಟುಹೋದ ಹಾಗಾಗತ್ತೆ.

ಸೈಕೋಡೈನಮಿಕ್ ಥೆರಪಿನ (ಒಳಮನಸ್ಸಿನ ಹಳೇ ಗಂಟು ಬಿಡಿಸೋ ಚಿಕಿತ್ಸೆ) ನಾವು ವಾರ್ಡಲ್ಲಿ ಮಾಡಲ್ಲ, ಅದಕ್ಕೆ ದೀರ್ಘ ತರಬೇತಿ ಬೇಕು, ಆದ್ರೆ ಫ್ರಾಯ್ಡ್ ಕೊಟ್ಟ ಒಂದು ವಿಷಯ ಪ್ರತಿ ಶಿಫ್ಟಲ್ಲೂ ಕಾಣತ್ತೆ, ಟ್ರಾನ್ಸ್‌ಫರೆನ್ಸ್, ಅಂದ್ರೆ ಹಳೇ ಸಂಬಂಧದ ಭಾವನೆನ ಈಗ ಎದುರಿಗಿರೋರ ಮೇಲೆ ಇಡೋದು. ವಯಸ್ಸಾದ ಒಬ್ಬ ತಾಯಿ ಸ್ಟೂಡೆಂಟ್ ಒಬ್ಬಳನ್ನೇ "ನನ್ನ ಮಗಳು" ಅಂತ ಕರೆದು, ಅವಳು ಕೊಟ್ರೆ ಮಾತ್ರ ಮಾತ್ರೆ ನುಂಗ್ತಾರೆ, ಬೇರೆಯವರು ಬಂದ್ರೆ ಮುಖ ತಿರುಗಿಸ್ತಾರೆ. ಈ ಕಡೆ ಆ ಹುಡುಗಿಗೂ ಅಜ್ಜಿ ನೆನಪಾಗಿ ಮನೆಯಿಂದ ಉಪ್ಪಿನಕಾಯಿ ತಂದುಕೊಡೋಣ ಅನ್ಸತ್ತೆ, ಅದು ಕೌಂಟರ್ ಟ್ರಾನ್ಸ್‌ಫರೆನ್ಸ್. ಎರಡೂ ತಪ್ಪಲ್ಲ. ಪ್ರೊಸೆಸ್ ರೆಕಾರ್ಡಿಂಗ್ ಬರೆಯುವಾಗ ಪೇಷಂಟ್ ಏನಂದ್ರು, ನೀವೇನಂದ್ರಿ ಅನ್ನೋದರ ಪಕ್ಕ ನಿಮಗೇನನ್ಸ್ತು ಅಂತ ಒಂದು ಕಾಲಂ ಪ್ರಾಮಾಣಿಕವಾಗಿ ತುಂಬಿಸಿ, ಆಮೇಲೆ ಉಪ್ಪಿನಕಾಯಿ ಯಾಕೆ ಬೇಡ ಅಂತ ನಿಮಗೇ ಗೊತ್ತಾಗತ್ತೆ.

ಬಿಹೇವಿಯರ್ ಥೆರಪಿಗೆ ಬಂದ್ರೆ ನಾನು ಜಾಸ್ತಿ ಹೊತ್ತು ನಿಲ್ಲೋದು ಇಆರ್‌ಪಿ ಹತ್ರ, ಎಕ್ಸ್‌ಪೋಷರ್ ಅಂಡ್ ರೆಸ್ಪಾನ್ಸ್ ಪ್ರಿವೆನ್ಶನ್, ಅಂದ್ರೆ ಒಸಿಡಿ ಇರೋರು ಭಯಪಡೋದನ್ನ ಎದುರಿಸಿ, ಆ ಭಯ ಕಳೆಯಕ್ಕೆ ಮಾಡೋ ಕೆಲಸನ ಮಾಡದೇ ಇರೋದು. 1966ರಲ್ಲಿ ಲಂಡನ್ನಿನ ವಿಕ್ಟರ್ ಮೇಯರ್ ಇದನ್ನ ಮೊದಲು ಬರೆದಾಗ ಪೇಷಂಟ್ ಪಕ್ಕದಲ್ಲೇ ಇದ್ದು ಕೈ ತೊಳೆಯೋದನ್ನ ತಡೀತಿದ್ದೋರು ನರ್ಸುಗಳೇ, ರೂಮಿನ ನಲ್ಲೀಲಿ ನೀರು ಬರದ ಹಾಗೂ ಮಾಡಿದ್ರು. ಈಗ ನಾವು ಬಲವಂತ ಮಾಡಲ್ಲ, ಪೇಷಂಟ್ ಒಪ್ಪಿ ತಾವೇ ಮಾಡಿದ್ರೇನೇ ಅದು ಚಿಕಿತ್ಸೆ. ನನ್ನ ನೆನಪಲ್ಲಿ ಉಳಿದಿರೋ ಒಬ್ಬರ ವಿಷಯ ಹೇಳ್ತೀನಿ, ಗುರುತು ಸಿಗದ ಹಾಗೆ ವಿವರ ಬದಲಾಯಿಸಿದೀನಿ. ಮಧ್ಯವಯಸ್ಸಿನ ಗೃಹಿಣಿ, ಬಾಗಿಲ ಚಿಲಕ ಮುಟ್ಟಿದ್ರೆ ಮೊಣಕೈವರೆಗೂ ಸೋಪು, ಕೈ ಚರ್ಮ ಎಲ್ಲಾ ಒಡೆದು ಬಿರುಕುಬಿಟ್ಟಿತ್ತು. ಮನೇಲಿ ಎಷ್ಟೋ ವರ್ಷ ಇದನ್ನ ಮಡಿ ಅಂತಾನೇ ಅಂದ್ಕೊಂಡಿದ್ರು. ಕೊನೆಗೆ ಅವರ ಅತ್ತೇನೇ ಹೇಳಿದ್ದು, "ನಾನೂ ಮಡಿ ಮಾಡ್ತೀನಮ್ಮ, ಮಡಿ ಉಟ್ಟು ಅಡಿಗೆ ಮುಗಿದ್ರೆ ಮುಗೀತು, ಇವಳಿಗೆ ಮುಗಿಯೋದೇ ಇಲ್ಲ" ಅಂತ. ಕಂಪಲ್ಷನ್ ಅಂದ್ರೇನು ಅಂತ ಇದಕ್ಕಿಂತ ಚೆನ್ನಾಗಿ ಯಾರೂ ಹೇಳಿದ್ದು ನಾನು ಕೇಳಿಲ್ಲ.

ಸೈಕಾಲಜಿಸ್ಟ್ ಜೊತೆ ಕೂತು ಅವರೇ ಪಟ್ಟಿ ಮಾಡಿದ್ರು, ಸೊನ್ನೆಯಿಂದ ನೂರರವರೆಗೆ ಯಾವುದಕ್ಕೆ ಎಷ್ಟು ಭಯ ಅಂತ. ತಮ್ಮ ಮಂಚದ ಕಂಬಿ ಮುಟ್ಟೋದು ಕಮ್ಮಿ, ವಾರ್ಡಿನ ಚಿಲಕ ನಡುವೆ, ಬಾತ್‌ರೂಮಿನ ಬಕೆಟ್ ಹಿಡಿ ತುತ್ತತುದೀಲಿ. ಕೆಳಗಿಂದ ಶುರು. ಮುಟ್ಟಿದ್ಮೇಲೆ ಕೈ ತೊಳೆಯೋ ಹಾಗಿಲ್ಲ, ಸುಮ್ನೆ ಕೂತು ಭಯ ತಾನಾಗೇ ಇಳಿಯೋವರೆಗೂ ಕಾಯ್ಬೇಕು, ಇಳಿದೇ ಇಳಿಯತ್ತೆ, ಆದ್ರೆ ಆ ಕಾಯೋ ಹೊತ್ತು ಅವರಿಗೆ ನರಕ. ಆಗ ಕೇಳ್ತಾರೆ, "ಸಿಸ್ಟರ್, ಚಿಲಕ ಬೆಳಿಗ್ಗೆ ಒರೆಸಿದಾರೆ ಅಲ್ವಾ?" ಹೌದಮ್ಮ ಒರೆಸಿದಾರೆ ಅನ್ನೋದು ನಾಲಿಗೆ ತುದೀಲಿ ಇರತ್ತೆ, ಅಳ್ತಿರೋ ಮನುಷ್ಯರ ಮುಂದೆ ಯಾರಿಗಾದ್ರೂ ಅದೇ ಬರೋದು. ಆದ್ರೆ ಆ ಉತ್ತರಾನೂ ಒಂಥರಾ ಕೈ ತೊಳೆದ ಹಾಗೇ, ಐದು ನಿಮಿಷ ಸಮಾಧಾನ, ಆಮೇಲೆ ಮತ್ತೆ ಅದೇ ಪ್ರಶ್ನೆ. ನಾವು ಮೊದಲೇ ಅವರ ಜೊತೆ ಮಾತಾಡಿ ಇಟ್ಕೊಂಡಿದ್ದ ಉತ್ತರ ಇಷ್ಟು: "ಇದು ಒಸಿಡಿ ಕೇಳ್ತಿರೋ ಪ್ರಶ್ನೆ ಅನ್ಸತ್ತೆ ಅಮ್ಮ, ಅದಕ್ಕೆ ಉತ್ತರ ಕೊಡಲ್ಲ ಅಂತ ಮಾತಾಡ್ಕೊಂಡಿದೀವಲ್ಲ. ಭಯ ಈಗ ಎಷ್ಟಿದೆ, ನೂರಕ್ಕೆ?" ಎಂಬತ್ತು ಅಂದ್ರು. ನಾನು ಪಕ್ಕದ ಸ್ಟೂಲ್ ಮೇಲೆ ಕೂತೆ, ಮಾತಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಕೇಳಿದ್ರೆ ಎಪ್ಪತ್ತು, ಆಮೇಲೆ ಅರವತ್ತು, ಊಟದ ಗಾಡಿ ಬರೋ ಹೊತ್ತಿಗೆ ಮೂವತ್ತು. ಅವತ್ತು ಅವರು ನಗಲಿಲ್ಲ, ಥ್ಯಾಂಕ್ಸ್ ಹೇಳಲಿಲ್ಲ, ಸುಸ್ತಾಗಿ ಮಲಗಿದ್ರು, ಮಾರನೇ ದಿನ ಪಟ್ಟೀಲಿ ಮುಂದಿನದು.

ಇಲ್ಲಿ ಎಲ್ಲಕ್ಕಿಂತ ಮುಖ್ಯವಾದ ಕೆಲಸ ಹ್ಯಾಂಡೋವರ್, ಶಿಫ್ಟ್ ಬದಲಾಗುವಾಗ ಮುಂದಿನವರಿಗೆ ಎಲ್ಲಾ ಹೇಳಿ ಹೋಗೋದು. ನಾನು ಬೆಳಿಗ್ಗೆ ಉತ್ತರ ಕೊಡದೇ ಕೂತು, ನೈಟ್ ಡ್ಯೂಟಿಯವರು ಪಾಪ ಅಂತ "ಕ್ಲೀನಾಗಿದೆ ಮಲ್ಕೊಳಮ್ಮ" ಅಂದ್ಬಿಟ್ರೆ ಭಯ ಇದ್ದಲ್ಲೇ ಇರತ್ತೆ. ಆಯಾ ಅಮ್ಮನಿಗೂ, ಜೊತೇಲಿರೋ ಗಂಡನಿಗೂ ಅದೇ ವಾಕ್ಯ ಹೇಳಿಕೊಟ್ಟಿದ್ವಿ. 1959ರಲ್ಲೇ ಅಯ್ಲಾನ್ ಮತ್ತು ಮೈಕೆಲ್ ಅನ್ನೋರು ಸೈಕಿಯಾಟ್ರಿಕ್ ನರ್ಸ್‌ನ ಬಿಹೇವಿಯರಲ್ ಇಂಜಿನಿಯರ್ ಅಂತ ಕರೆದಿದ್ರು. ವಾರ್ಡಲ್ಲಿ ಯಾವ ನಡವಳಿಕೆಗೆ ಗಮನ ಸಿಗತ್ತೆ, ಯಾವುದಕ್ಕೆ ಸಿಗಲ್ಲ ಅನ್ನೋದು ನರ್ಸ್ ಕೈಲೇ ಇದೆ ಅಂತ ಅವರು ತೋರ್ಸಿದ್ದು, ನನಗಂತೂ ಅದು ದೊಡ್ಡ ಗೌರವ ಅನ್ಸತ್ತೆ.

ಇನ್ನು ಕಾಗ್ನಿಟಿವ್ ಥೆರಪಿ. ಆರನ್ ಬೆಕ್ ಮೊದಲು ಸೈಕೋಅನಾಲಿಸಿಸ್ ಕಲಿತೋರು, 1960ರ ದಶಕದಲ್ಲಿ ಡಿಪ್ರೆಶನ್ ಇರೋರ ಮನಸ್ಸಲ್ಲಿ ತಾನಾಗೇ ಬರೋ ಯೋಚನೆಗಳ ಕಡೆ ನೋಡಿ ಈ ದಾರಿ ಕಂಡ್ಕೊಂಡ್ರು, ಅವರಿಗಿಂತ ಮುಂಚೆ 1950ರ ದಶಕದಲ್ಲೇ ಆಲ್ಬರ್ಟ್ ಎಲ್ಲಿಸ್ ಎಬಿಸಿ ಮಾಡೆಲ್ (ಘಟನೆ, ಅದರ ಬಗ್ಗೆ ನಂಬಿಕೆ, ಅದರಿಂದಾಗೋ ಪರಿಣಾಮ) ಕಡೆ ಹೊರಟಿದ್ರು. ಪರೀಕ್ಷೆಗೆ ಅಷ್ಟು ಸಾಕು. ವಾರ್ಡಲ್ಲಿ ನೀವು ಕೇಳೋ ಮಾತು "ನಾನು ಮನೆಗೆ ಭಾರ ಆಗ್ಬಿಟ್ಟಿದೀನಿ ಸಿಸ್ಟರ್". ಹಾಗೆಲ್ಲ ಅನ್ಕೋಬೇಡಿ ಅಂತ ಬಾಯಿ ಮುಚ್ಚಿಸ್ಬೇಡಿ. ಭಾರ ಅನ್ನೋ ಮಾತು ಕಿವಿಗೆ ಬಿದ್ದ ತಕ್ಷಣ ಮೊದಲು ನೇರವಾಗಿ ಕೇಳಿ, "ಜೀವ ತೆಗೆದುಕೊಳ್ಳೋ ಯೋಚನೆ ಬರತ್ತಾ?" ಅಂತ, ಕೇಳಿದ್ರೆ ಆ ಯೋಚನೆ ತಲೇಲಿ ಹುಟ್ಟಲ್ಲ, ಇದ್ದಿದ್ದು ಹೊರಗೆ ಬರತ್ತೆ, ಬಂದ್ರೆ ಅವರನ್ನ ಒಬ್ಬರೇ ಬಿಡದೇ ಕೂಡ್ಲೇ ಡ್ಯೂಟಿ ಡಾಕ್ಟರ್‌ಗೆ ತಿಳಿಸಿ. ಅದಾದ್ಮೇಲೆ ಥೆರಪಿ ಮಾತು. ಆ ಯೋಚನೆ ಇವತ್ತು ಯಾವಾಗ ಬಂತು, ಆಗ ಏನು ನಡೀತಿತ್ತು, ಮಗಳು ಫೋನಲ್ಲಿ ನಿಜವಾಗ್ಲೂ ಏನಂದ್ಲು, ಅಂತ ಒಂದೊಂದೇ ಬಿಡಿಸಿ ಕೇಳೋದು. ಓದು ಬರಹ ಬರದೇ ಇರೋರಿಗೆ ಥಾಟ್ ರೆಕಾರ್ಡ್ (ಯಾವಾಗ ಯಾವ ಯೋಚನೆ ಬಂತು ಅಂತ ಬರೆದಿಡೋದು) ನಾನೇ ಅವರ ಮಾತಲ್ಲೇ ಬರೆದು ಓದಿ ಹೇಳ್ತೀನಿ. ತುಂಬಾ ಕುಗ್ಗಿ ಹೋಗಿದ್ರೆ ಯೋಚನೆ ಕಡೆ ಹೋಗೋದೇ ಇಲ್ಲ, ಆಕ್ಟಿವಿಟಿ ಶೆಡ್ಯೂಲ್ ಹಿಡೀತೀವಿ, ಎಂಟಕ್ಕೆ ಸ್ನಾನ, ಹನ್ನೊಂದಕ್ಕೆ ಒಂದು ಮೊಳ ಹೂ ಕಟ್ಟೋದು, ಅಷ್ಟೇ, ಖುಷಿ ಬಂದ್ಮೇಲೆ ಕೆಲಸ ಅಂತ ಕಾಯೋದಲ್ಲ, ಕೆಲಸ ಮೊದಲು.

ಡಿಅಡಿಕ್ಷನ್ ವಾರ್ಡಲ್ಲಿ ಇನ್ನೊಂದೇ ಥರ. ಮೊದಲ ಕೆಲವು ದಿನ ಥೆರಪಿ ಮಾತೇ ಇಲ್ಲ, ವಿತ್‌ಡ್ರಾಯಲ್ (ಕುಡಿತ ನಿಂತಾಗ ಬರೋ ತೊಂದರೆ) ನೋಡ್ಬೇಕು, ಥಯಮಿನ್ (ವಿಟಮಿನ್ ಬಿ1) ಕೊಡ್ಬೇಕು, ಸಾಮಾನ್ಯವಾಗಿ ಎರಡರಿಂದ ನಾಲ್ಕನೇ ದಿನದೊಳಗೆ ಡೆಲಿರಿಯಂ (ಬುದ್ಧಿ ಗೊಂದಲವಾಗೋ ಸ್ಥಿತಿ) ಬರೋ ಅಪಾಯ, ಕೈ ನಡುಗ್ತಾ ಗೋಡೆ ಮೇಲೆ ಹುಳ ಕಾಣ್ತಿರೋರಿಗೆ ಬುದ್ಧಿ ಹೇಳಿ ಏನು ಪ್ರಯೋಜನ. ಸ್ಥಿಮಿತಕ್ಕೆ ಬಂದ್ಮೇಲೆ ಮೋಟಿವೇಷನಲ್ ಇಂಟರ್‌ವ್ಯೂವಿಂಗ್, ಬದಲಾಗೋಕೆ ಕಾರಣ ಪೇಷಂಟ್ ಬಾಯಿಂದಾನೇ ಬರೋ ಹಾಗೆ ಮಾತಾಡಿಸೋದು. ಇದನ್ನ ವಿಲಿಯಂ ಮಿಲ್ಲರ್ 1983ರಲ್ಲಿ ಕುಡಿತದ ಸಮಸ್ಯೆ ಇರೋರ ಜೊತೆ ಕೆಲಸ ಮಾಡ್ತಾ ಬರೆದಿದ್ದು, ಆಮೇಲೆ ಸ್ಟೀಫನ್ ರೋಲ್ನಿಕ್ ಜೊತೆ ಬೆಳೆಸಿದ್ರು. ಇಲ್ಲಿ ಉಪದೇಶಾನೇ ಶತ್ರು. ನೀವು ಬಿಡಿ ಬಿಡಿ ಅಂದಷ್ಟೂ ಅವರು ಕುಡಿಯೋದರ ಪರ ವಾದ ಮಾಡ್ತಾರೆ, ಆ ವಾದ ಅವರ ಬಾಯಲ್ಲೇ ಗಟ್ಟಿಯಾಗತ್ತೆ.

"ಎಲ್ಲಾರೂ ಕುಡೀತಾರೆ ಸಿಸ್ಟರ್, ನಾನೊಬ್ಬನೇನಾ?"
"ನಿಮ್ಮೊಬ್ಬರನ್ನೇ ಕರ್ಕೊಂಡು ಬಂದ್ರಲ್ಲ ಅಂತ ಬೇಜಾರಾಗಿದೆ ಅಣ್ಣ."
"ಆಗಲ್ವಾ ಮತ್ತೆ. ಆದ್ರೆ... ಮಗಳು ಬಸ್ ಸ್ಟಾಂಡಲ್ಲಿ ನನ್ನ ನೋಡಿ ಆ ಕಡೆ ತಿರುಗಿದ್ಲು."
"ಅದು ನಿಮ್ಮನ್ನ ಕೊರೀತಿದೆ."
"ಹೂಂ. ಅವಳ ಮುಂದೆ ನೆಟ್ಟಗೆ ನಿಲ್ಬೇಕು ಸಿಸ್ಟರ್."

ಆ ಕೊನೇ ವಾಕ್ಯ ನಾನು ಹೇಳಿದ್ದಲ್ಲ, ಅವರೇ ಹೇಳಿದ್ದು, ಅದಕ್ಕೇ ಚೇಂಜ್ ಟಾಕ್ ಅನ್ನೋದು. ಅಲ್ಲಿ ಸ್ಟೂಡೆಂಟ್ಸ್‌ಗೆ ತಡ್ಕೊಳ್ಳಕ್ಕಾಗಲ್ಲ, "ಹಾಗಾದ್ರೆ ಇವತ್ತಿಂದಾನೇ ಬಿಡಿ" ಅಂತ ಹಾರ್ತಾರೆ. ಬೇಡ. "ನೆಟ್ಟಗೆ ನಿಲ್ಲೋದು ಅಂದ್ರೆ ನಿಮಗೆ ಹೇಗೆ ಕಾಣ್ತಿದೆ?" ಅಂತ ಕೇಳಿ ಸುಮ್ಮನಿರಿ.

ಸೈಕಾಲಜಿಸ್ಟ್ ಕಾರ್ಲ್ ರೋಜರ್ಸ್‌ನ ಬೇರೆ ಪಾಠ ಅಂತ ನಾನು ಹೇಳಿಕೊಡಲ್ಲ, ಮೇಲಿನ ಮಾತುಕತೇಲಿ ಇರೋದೇ ಅವರು, ಎಂಪತಿ, ಪ್ರಾಮಾಣಿಕತೆ, ಷರತ್ತಿಲ್ಲದ ಗೌರವ. ಗ್ರೂಪ್ ಥೆರಪಿಗೆ ಸೈಕಿಯಾಟ್ರಿಸ್ಟ್ ಯಾಲಮ್ ಹೇಳಿದ, ಗುಣ ಆಗೋಕೆ ನೆರವಾಗೋ ಹನ್ನೊಂದು ಅಂಶ ಪುಸ್ತಕದಲ್ಲಿದೆ, ಓದ್ಕೊಳ್ಳಿ, ನನಗೊಬ್ಬರಿಗೇ ಹೀಗಾಗಿದ್ದಲ್ಲ ಅನ್ನೋ ಒಂದು ಅಂಶ ಪೇಷಂಟ್ ಮುಖದಲ್ಲಿ ಕಾಣಿಸಿದ್ರೆ ಆ ಗ್ರೂಪ್ ಕೆಲಸ ಮಾಡ್ತಿದೆ ಅಂತ ಗೊತ್ತಾಗತ್ತೆ. ಡಿಬಿಟಿ (ತೀವ್ರ ಭಾವನೆಗಳನ್ನ ನಿಭಾಯಿಸೋದು ಕಲಿಸೋ ಥೆರಪಿ), ಮಾರ್ಷಾ ಲಿನೆಹಾನ್ ಅವರದ್ದು, ಪದೇಪದೇ ತಮಗೆ ತಾವೇ ನೋವು ಮಾಡ್ಕೊಳ್ಳೋರಿಗೆ ಬಹಳ ಉಪಯೋಗ, ಆದ್ರೆ ಅದಕ್ಕೆ ಟೀಮ್ ಬೇಕು.

ಫ್ಯಾಮಿಲಿ ವಿಷಯದಲ್ಲಿ ಮಾತ್ರ ನಮ್ಮ ದೇಶಕ್ಕೆ ಹೆಮ್ಮೆ ಪಡೋ ಇತಿಹಾಸ ಇದೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೇಲಿ ಡಾ. ವಿದ್ಯಾಸಾಗರ್ ಪೇಷಂಟ್ ಜೊತೆ ಮನೆಯವರನ್ನೂ ಆವರಣದಲ್ಲೇ ಟೆಂಟ್ ಹಾಕಿ ಇರಿಸ್ಕೊಂಡು ಚಿಕಿತ್ಸೆ ಮಾಡಿದ್ರು. ಹಾಗಾಗಿ ಪೇಷಂಟ್ ಜೊತೆಗಿರೋ ಮನೆಯವರನ್ನ ಹೊರಗೆ ಕಳಿಸೋ ಬದಲು ಪಕ್ಕ ಕೂರಿಸ್ಕೊಳ್ಳಿ. ಸ್ಕಿಜೋಫ್ರೇನಿಯಾ ಇರೋ ಮಗನ್ನ ಅಪ್ಪ ಸೋಮಾರಿ ಅಂತ ಬೈತಿದ್ರೆ, ಎದ್ದು ಸ್ನಾನ ಮಾಡದೇ ಇರೋದೂ ಕಾಯಿಲೆಯ ಲಕ್ಷಣ ಅಂತ ಹೇಳಿ. ಜಾಸ್ತಿ ಟೀಕೆ, ಸಿಟ್ಟು, ಅತಿಯಾದ ಅಂಟಿಕೊಳ್ಳುವಿಕೆ ಇರೋ ಮನೆಗೆ ವಾಪಸ್ ಹೋದೋರಲ್ಲಿ ಕಾಯಿಲೆ ಮರುಕಳಿಸೋದು ಜಾಸ್ತಿ ಅಂತ ಲಂಡನ್ನಿನ ಜಾರ್ಜ್ ಬ್ರೌನ್ ಅವರ ಕಾಲದಿಂದ ಗೊತ್ತಿರೋ ವಿಷಯ, ಎಕ್ಸ್‌ಪ್ರೆಸ್ಡ್ ಇಮೋಷನ್ ಅಂತ ಓದಿರ್ತೀರಿ.

ಹಾಗಂತ ಬಿಎಸ್ಸಿ ಮುಗಿಸಿ ನಾನು ಸಿಬಿಟಿ ಮಾಡ್ತೀನಿ ಅಂತ ಹೊರಡೋ ಹಾಗಿಲ್ಲ, ಅದಕ್ಕೆ ತರಬೇತಿ, ಸೂಪರ್‌ವಿಷನ್ ಎರಡೂ ಬೇಕು. ನಿಮ್ಮ ಕೇರ್ ಪ್ಲಾನಲ್ಲಿ ನೀವು ಈಗ್ಲೇ ಮಾಡಬಹುದಾದ ಕೆಲಸ ಒಂದಿದೆ. ನರ್ಸ್ ರೋಲ್ ಅಂತ ಇರೋ ಕಡೆ ಆ ಮೂರು ಸಾಲು ಬಿಟ್ಟು ಎರಡು ವಾಕ್ಯ ಬರೀರಿ, ಈ ಪೇಷಂಟ್‌ಗೆ ಈ ಥೆರಪೀಲಿ ನಾನು ಹೇಳೋ ಮಾತು ಯಾವುದು, ಹೇಳಬಾರದ ಮಾತು ಯಾವುದು, ಕೊಟೇಷನ್ ಹಾಕಿ ಕನ್ನಡದಲ್ಲೇ. ಬರೆದು ಥೆರಪಿಸ್ಟ್‌ಗೆ ತೋರ್ಸಿ, ಸರಿ ಅಂದ್ರೆ ಹ್ಯಾಂಡೋವರ್ ಬುಕ್ಕಿಗೆ ಅಂಟಿಸಿ, ನೈಟ್ ಡ್ಯೂಟಿಯವರು ಓದ್ಲಿ.